ಸಾಮಾನಿನ ದುಡ್ಡು ಕೊಟ್ಟರೆ ಸಾಕೇ? ಹವ್ಯಾಸಿ ಕಲಾವಿದೆಯೊಬ್ಬರ ಆಪ್ತಸಲಹೆ ಪ್ರಕರಣ

ಮೈಸೂರಿನ ಕುವೆಂಪುನಗರದ ಗೃಹಿಣಿಯೊಬ್ಬರು ರಾತ್ರಿ ನಿದ್ದೆ ಬರುತ್ತಿಲ್ಲ, ಮನೆಯವರ ಮೇಲೆ ವಿನಾಕಾರಣ ರೇಗುತ್ತೇನೆ ಎಂದು ಹೇಳಿಕೊಂಡು ನನ್ನ ಬಳಿ ಬಂದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆಯಿದೆ.) ಮಕ್ಕಳು ದೊಡ್ಡವರಾದ ಮೇಲೆ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಕಲೆಯನ್ನು ಗುರುಗಳೊಬ್ಬರಲ್ಲಿ ಶ್ರದ್ಧೆಯಿಂದ ಕಲಿತವರು ಅವರು. ಮೊದಲು ದೇವರ ಮನೆಗೆಂದು ಬರೆದರು, ನಂತರ ನೆಂಟರು ಕೇಳಿದರೆಂದು ಬರೆದುಕೊಟ್ಟರು. ಮಂಡ್ಯದಲ್ಲಿರುವ ಅವರ ನಾದಿನಿ ತಮ್ಮ ಮನೆಗೆ ಬಂದವರಿಗೆಲ್ಲ ಗಜಲಕ್ಷ್ಮಿಯ ಪಟವನ್ನು ತೋರಿಸಿ, "ನಮ್ಮತ್ತಿಗೆ ಬರೆದದ್ದು, ಸಾಮಾನಿನ ದುಡ್ಡು ಕೊಟ್ಟರೆ ಸಾಕು, ಮಾಡಿಕೊಡ್ತಾರೆ" ಎಂದು ಹೇಳಿದ್ದರಿಂದ ನವರಾತ್ರಿಯೊಳಗೆ ಮುಗಿಸಬೇಕಾದ ಆರು ಪಟಗಳು ಅವರ ತಲೆಯ ಮೇಲೆ ಬಿದ್ದಿದ್ದವು.

ನಿದ್ದೆ ಕೆಡಲು ಕೆಲಸದ ಹೊರೆಯೊಂದೇ ಕಾರಣವಾಗಿರಲಿಲ್ಲ. ಅವರೊಂದಿಗೇ ಕಲಿತು ಈಗ ಇದೇ ಕಲೆಯಿಂದ ಸಂಸಾರ ನಡೆಸುತ್ತಿರುವ ಒಬ್ಬರು ಫೋನ್ ಮಾಡಿ, "ಅಕ್ಕಾ, ನೀವು ಮೂರೂವರೆ ಸಾವಿರಕ್ಕೆ ಕೊಡ್ತಿದ್ದೀರಂತೆ. ನನ್ನ ಹತ್ತಿರ ಬಂದ ಗಿರಾಕಿ ಅದನ್ನೇ ಹೇಳಿ ಎದ್ದು ಹೋದರು" ಎಂದಿದ್ದರು. ಯಾರಿಗೂ ಕೇಡು ಬಯಸದ ಈ ಹೆಂಗಸಿಗೆ ಆ ಮಾತು ಬಹಳ ನಾಟಿತ್ತು. ಬೆಲೆ ಹೆಚ್ಚಿಸೋಣವೆಂದರೆ ನೆಂಟರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಹೆಚ್ಚಿಸದಿದ್ದರೆ ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕಿದೆನೆಂಬ ಅಳುಕು. "ಹವ್ಯಾಸ ತಾನೇ, ದುಡ್ಡಿನ ಲೆಕ್ಕ ಯಾಕೆ?" ಎಂಬ ಯಜಮಾನರ ಮಾತಿನಲ್ಲಿ ಪ್ರೀತಿಯಿದ್ದರೂ ಅದು ಬೆಲೆಯ ಮಾತೆತ್ತುವ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿತ್ತು.

ಎರಡನೆಯ ಭೇಟಿಗೆ ಅರ್ಧ ಮುಗಿದ ಪಟವೊಂದನ್ನು ತರಲು ಹೇಳಿದೆ. ಹನ್ನೆರಡು ಇಂಚು ಅಗಲ, ಹದಿನಾರು ಇಂಚು ಎತ್ತರದ ಆ ಪಟದಲ್ಲಿ ದೇವಿಯ ಕೊರಳ ಹಾರವನ್ನು ಅವರು ಬೆರಳಿಟ್ಟು ತೋರಿಸಿದರು. ಬಿಳಿಯ ಪುಡಿಯನ್ನು ಗೋಂದಿನಲ್ಲಿ ಕಲಸಿ, ಸಣ್ಣ ಕುಂಚದ ತುದಿಯಿಂದ ಒಂದೊಂದೇ ಮಣಿಯನ್ನು ಉಬ್ಬಿಸಿ, ಅದು ಒಣಗಿದ ಮೇಲೆ ಚಿನ್ನದ ಹಾಳೆಯನ್ನು ಒತ್ತಿ ಕೂರಿಸಿ, ಹೆಚ್ಚಾದದ್ದನ್ನು ತೆಗೆದು, ಅನಂತರವೇ ಬಣ್ಣಕ್ಕೆ ಕೈ ಹಾಕಬೇಕು. ತಂಜಾವೂರು ಶೈಲಿಯಲ್ಲಿ ಈ ಉಬ್ಬು ದಪ್ಪವಾಗಿದ್ದು ಗಾಜಿನ ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನದರಲ್ಲಿ ಉಬ್ಬು ತೆಳು, ರೇಖೆ ಸೂಕ್ಷ್ಮ, ಹಾಗಾಗಿ ಕೈ ಸ್ವಲ್ಪ ನಡುಗಿದರೂ ಎದ್ದು ಕಾಣುತ್ತದೆ. ಆ ಹಾರವೊಂದಕ್ಕೇ ಎರಡು ಮಧ್ಯಾಹ್ನ ಹಿಡಿದಿತ್ತು. ಅದನ್ನು ವಿವರಿಸುವಾಗ ಅವರ ದನಿಯಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ತನ್ನ ಕೆಲಸದ ಗುಣದ ಬಗ್ಗೆ ಅವರಿಗೆ ಸಂದೇಹವೇ ಇಲ್ಲ, ಅದಕ್ಕೆ ಹಣ ಕೇಳುವುದು ಮಾತ್ರ ಕಷ್ಟ ಎಂಬುದು ನನಗೆ ಖಚಿತವಾದದ್ದು ಆಗಲೇ.

ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿದೆ. ಚಿನ್ನದ ಹಾಳೆಗೆ 1,900 ರೂಪಾಯಿ, ತೇಗದ ಚೌಕಟ್ಟು ಮತ್ತು ಗಾಜಿಗೆ 1,100, ಹಲಗೆ, ಬಣ್ಣ, ಗೋಂದಿಗೆ 450, ಒಟ್ಟು 3,450. ಕುಳಿತು ಕೆಲಸ ಮಾಡಿದ್ದು ಸುಮಾರು 60 ಗಂಟೆ. ಅಂದರೆ 3,500 ರೂಪಾಯಿಯಲ್ಲಿ ಅವರ 60 ಗಂಟೆಗೆ ಉಳಿದದ್ದು 50 ರೂಪಾಯಿ. ಅವರು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. ನಿಮ್ಮ ಮನೆಗೆ ಅಡುಗೆಗೆ ಬರುವವರಿಗೆ ಗಂಟೆಗೆ ಎಷ್ಟು ಬೀಳುತ್ತದೆ ಎಂದು ಕೇಳಿದಾಗ, ನೂರರ ಹತ್ತಿರ ಎಂದರು. ಆ ದರವನ್ನೇ ತಮಗೂ ಹಾಕಿಕೊಂಡರೆ ಕೂಲಿ 6,000. ಹಾಳಾಗುವ ಹಾಳೆ, ಸವೆಯುವ ಕುಂಚಗಳಿಗೆಂದು 350 ಸೇರಿಸಿದರೆ 9,800. ಇದು ಕನಿಷ್ಠ ಬೆಲೆಯೇ ಹೊರತು ದುರಾಸೆಯ ಬೆಲೆಯಲ್ಲ ಎಂದು ನಾನು ಒತ್ತಿ ಹೇಳಿದೆ. ಕಲಿಕೆಯ ವರ್ಷಗಳನ್ನು ನಾವಿನ್ನೂ ಎಣಿಸಿರಲೇ ಇಲ್ಲ.

ಇಂಚಿಗೆ ಇಷ್ಟೆಂದು ಬೆಲೆ ಕಟ್ಟುವ ರೂಢಿ ಹವ್ಯಾಸಿಗಳಲ್ಲಿದೆ. ಈ ಶೈಲಿಗೆ ಅದು ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಷ್ಟೇ ಅಳತೆಯ ಹಲಗೆಯಲ್ಲಿ ಒಬ್ಬಳೇ ಸರಸ್ವತಿಯನ್ನು ಬರೆಯುವುದಕ್ಕೂ ಪರಿವಾರ ಸಮೇತ ಶ್ರೀರಾಮ ಪಟ್ಟಾಭಿಷೇಕವನ್ನು ಬರೆಯುವುದಕ್ಕೂ ಹಿಡಿಯುವ ಸಮಯದಲ್ಲಿ ಅಜಗಜಾಂತರವಿದೆ. ಆದ್ದರಿಂದ ಗಂಟೆಗಳನ್ನೇ ಬರೆದಿಡಬೇಕೆಂದೆ.

ಸಲಹೆಯ ಮುಖ್ಯ ಭಾಗ ನೆಂಟರ ವಿಷಯದ್ದು. ಉಡುಗೊರೆ ಕೊಡುವುದಾದರೆ ಒಂದು ಪೈಸೆಯನ್ನೂ ತೆಗೆದುಕೊಳ್ಳದೆ ಸಂತೋಷದಿಂದ ಕೊಡಿ. ಮಾರುವುದಾದರೆ ಪೂರ್ತಿ ಬೆಲೆ ಹೇಳಿ. ಸಾಮಾನಿನ ದುಡ್ಡು ಮಾತ್ರ ಪಡೆಯುವ ನಡುವಿನ ದಾರಿ ಬೇಡ ಎಂದೆ. ಆ ದಾರಿಯಲ್ಲಿ ಕೊಟ್ಟವರಿಗೆ ಕೊಟ್ಟ ತೃಪ್ತಿಯೂ ಇಲ್ಲ, ಪಡೆದವರಿಗೆ ಋಣದ ಅರಿವೂ ಇಲ್ಲ. ಹತ್ತಿರದವರಿಗೆ ರಿಯಾಯಿತಿ ಕೊಡಬೇಕೆನಿಸಿದರೆ ಚೀಟಿಯಲ್ಲಿ 9,800 ಎಂದು ಬರೆದು ಅದರ ಕೆಳಗೆ ಕಳೆದ ಮೊತ್ತವನ್ನೂ ಬರೆಯಬೇಕು. ಆಗ ಪಟದ ನಿಜವಾದ ಬೆಲೆ ಮಂಡ್ಯದ ತನಕವೂ ಸರಿಯಾಗಿ ತಲುಪುತ್ತದೆ. ಅಪ್ಪಟ ಚಿನ್ನದ ಹಾಳೆಯೋ ಬರಿಯ ಚಿನ್ನದ ಬಣ್ಣದ ಹಾಳೆಯೋ ಎಂಬುದನ್ನೂ ಅದೇ ಚೀಟಿಯಲ್ಲಿ ತಿಳಿಸಬೇಕು. ಹೇಳಿ ಮಾಡಿಸುವ ಪಟಕ್ಕೆ ಅರ್ಧ ಹಣ ಮುಂಗಡವಾಗಿ ಪಡೆಯದೆ ಹಾಳೆ ಕೊಳ್ಳಬಾರದು.

ಸಹಪಾಠಿಯ ಮಾತಿನ ಅಳುಕಿನ ಕುರಿತು ನಾನು ಅವರನ್ನು ಸುಮ್ಮನೆ ಸಮಾಧಾನಪಡಿಸಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದು, 2005ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಕಲೆ ಇಂದಿಗೂ ಉಳಿದಿರುವುದು ಇದನ್ನೇ ನಂಬಿ ಬದುಕುವವರಿಂದ. ಮನೆ ಖರ್ಚಿಗೆ ಬೇರೆ ಆದಾಯವಿರುವವರು ಕೂಲಿ ಬಿಟ್ಟುಕೊಟ್ಟರೆ ಅದರ ಪೆಟ್ಟು ಬೀಳುವುದು ಅಂಥವರ ಮೇಲೆಯೇ. ಅಳುಕಿಗೆ ಆಧಾರವಿತ್ತು, ಅದನ್ನು ತಿದ್ದುವ ದಾರಿಯೂ ಅವರ ಕೈಯಲ್ಲೇ ಇತ್ತು. ಸಹಪಾಠಿಯನ್ನು ಭೇಟಿಯಾಗಿ ಅವರ ದರ ಕೇಳಿ, ಅದಕ್ಕಿಂತ ಬಹಳ ಕೆಳಗಿಳಿಯದಂತೆ ತಮ್ಮ ದರ ಇಟ್ಟುಕೊಳ್ಳಲು ಸೂಚಿಸಿದೆ.

ಬೆಲೆ ಹೇಳುವುದನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. "ಒಂಬತ್ತು ಸಾವಿರದ ಎಂಟುನೂರು ಆಗುತ್ತದೆ" ಎಂದ ಕೂಡಲೇ "ಆದರೆ ನಿಮಗೆ ಎಷ್ಟು ಅನಿಸುತ್ತೋ ಅಷ್ಟು ಕೊಡಿ" ಎಂದು ಸೇರಿಸುವುದು ಅವರ ಅಭ್ಯಾಸವಾಗಿತ್ತು. ಬೆಲೆ ಹೇಳಿ ಸುಮ್ಮನಿರುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಒಪ್ಪಿಕೊಂಡಿದ್ದ ಆರು ಪಟಗಳಲ್ಲಿ ಆರಂಭಿಸಿದ್ದ ಎರಡನ್ನು ಹಳೆಯ ಮಾತಿನಂತೆಯೇ ಮುಗಿಸಿಕೊಟ್ಟು, ಉಳಿದ ನಾಲ್ವರಿಗೆ ಹೊಸ ಬೆಲೆ ತಿಳಿಸಿದರು. ಮೂವರು ಬೇಡವೆಂದರು, ಒಬ್ಬರು ಮುಂಗಡ ಕಳುಹಿಸಿದರು. ನಾದಿನಿ ಕೆಲವು ದಿನ ಮುನಿಸಿಕೊಂಡಿದ್ದು, ಲೆಕ್ಕದ ಪುಟವನ್ನು ನೋಡಿದ ಮೇಲೆ, "ಇಷ್ಟು ಖರ್ಚು ಅಂತ ನೀವು ಹೇಳಲೇ ಇಲ್ಲವಲ್ಲ ಅತ್ತಿಗೆ" ಎಂದರಂತೆ. ನಿದ್ದೆ ಸುಧಾರಿಸಿದೆ. ತವರಿನ ಕಡೆಯವರ ಮುಂದೆ ಮಾತ್ರ ಬೆಲೆ ಹೇಳಲು ಇನ್ನೂ ಬಾಯಿ ಬರುತ್ತಿಲ್ಲ. ಅಣ್ಣನ ಮಗಳ ಮದುವೆಗೆ ಕೇಳಿರುವ ಪಟ ಉಡುಗೊರೆಯೋ ಮಾರಾಟವೋ ಎಂಬುದನ್ನು ಹಾಳೆ ಕೊಳ್ಳುವ ಮೊದಲೇ ತೀರ್ಮಾನಿಸಿಕೊಂಡು ಬರುವಂತೆ ಹೇಳಿ ಮುಂದಿನ ಭೇಟಿ ಗೊತ್ತುಮಾಡಿದ್ದೇನೆ.