ಓದುಗರ ಪ್ರಶ್ನೆ: ದ್ವೀಪ ಹಿಡಿಯೋ ಯುದ್ಧದಲ್ಲಿ ಮರೀನ್‌ಗಳು ಮಾಡಿದ್ದೇನು?

ಪೆಸಿಫಿಕ್ ಯುದ್ಧದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂದಕ್ಕೊಂದು ಹೊಂದೋ ನಾಲ್ಕನ್ನ ಈ ಸಲ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಜಪಾನ್ ನಡುವೆ ನಡೆದ ದ್ವೀಪಗಳ ಕಾಳಗದ ಬಗ್ಗೆ ಏನೇ ಓದಿದ್ರೂ ಮರೀನ್ಸ್ ಅನ್ನೋ ಹೆಸರು ಬರುತ್ತೆ. ಇವರು ಆರ್ಮಿನಾ, ನೇವಿನಾ? ದ್ವೀಪಕ್ಕೆ ಇಳಿಯೋಕೆ ಮಾಮೂಲಿ ಸೈನಿಕರು ಸಾಕಾಗ್ತಿರ್ಲಿಲ್ವಾ?

ಉತ್ತರ: ಎರಡೂ ಅಲ್ಲ. ಮರೀನ್ ಕೋರ್ ಅಮೆರಿಕದ ನೇವಿ ಇಲಾಖೆಯ ಕೆಳಗೇ ಬರುತ್ತೆ, ಆದ್ರೆ ತನ್ನದೇ ಅಧಿಕಾರಿಗಳು, ತನ್ನದೇ ಫಿರಂಗಿ, ತನ್ನದೇ ವಿಮಾನಗಳು ಇರೋ ಬೇರೆ ಪಡೆ. ಡಾಕ್ಟರು ಮತ್ತು ಗಾಯಕ್ಕೆ ಪಟ್ಟಿ ಕಟ್ಟೋ ಕಾರ್ಪ್ಸ್‌ಮನ್‌ಗಳು ಮಾತ್ರ ನೇವಿಯವರು, ಅವರೂ ಮರೀನ್‌ಗಳ ಜೊತೆಗೇ ದಡಕ್ಕೆ ಇಳೀತಿದ್ರು, ಜೊತೆಗೇ ಸಾಯ್ತಿದ್ರು.

ಇವರೇ ಯಾಕೆ ಅಂದ್ರೆ, ಇವರು ಇಪ್ಪತ್ತು ವರ್ಷ ಮೊದಲೇ ಈ ಒಂದು ಕೆಲಸದ ಬಗ್ಗೆ ತಲೆ ಕೆಡಿಸ್ಕೊಂಡಿದ್ರು. 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಬ್ರಿಟಿಷರು ಸಮುದ್ರದಿಂದ ಇಳಿದು ಸೋತಿದ್ದನ್ನ ನೋಡಿ ಶತ್ರು ಕಾಯ್ತಾ ಕೂತಿರೋ ದಡಕ್ಕೆ ಇಳಿಯೋದು ಇನ್ನು ಆಗದ ಕೆಲಸ ಅಂತ ಎಷ್ಟೋ ಸೇನಾಧಿಕಾರಿಗಳು ಕೈಬಿಟ್ಟಿದ್ರು, ಮರೀನ್‌ಗಳು ಮಾತ್ರ ಅದನ್ನೇ ಕೂತು ಓದಿದ್ರು, ಎಲ್ಲಿ ತಪ್ಪಾಯ್ತು ಅಂತ ಹುಡುಕಿದ್ರು. 1921ರಲ್ಲೇ ಪೀಟ್ ಎಲಿಸ್ ಅನ್ನೋ ಮರೀನ್ ಅಧಿಕಾರಿ, ಜಪಾನ್ ಜೊತೆ ಯುದ್ಧ ಆದ್ರೆ ಪಶ್ಚಿಮ ಪೆಸಿಫಿಕ್‌ನ ಮೈಕ್ರೊನೇಷಿಯಾದ ದ್ವೀಪಗಳನ್ನ ಹೇಗೆ ಹಿಡೀಬೇಕು ಅಂತ ಒಂದು ಯೋಜನೆ ಬರೆದಿಟ್ಟಿದ್ದ. 1934ರ ಹೊತ್ತಿಗೆ ದಡಕ್ಕೆ ಇಳಿಯೋ ವಿಧಾನದ ಕೈಪಿಡಿಯೇ ತಯಾರಾಗಿತ್ತು. ಹಡಗಿನ ಫಿರಂಗಿ ಎಷ್ಟು ಹೊತ್ತು ಹೊಡೀಬೇಕು, ಬೋಟುಗಳು ಯಾವ ಸಾಲಲ್ಲಿ ಹೋಗ್ಬೇಕು, ಮೊದಲು ಬೇಕಾಗೋ ಸಾಮಾನು ಹಡಗಿಗೆ ಕೊನೇಲಿ ತುಂಬಬೇಕು, ಇಂಥವೆಲ್ಲ ಅದರ ಹಿಂದಿನ ಯೋಚನೆ. ಕೇಳೋಕೆ ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಗುಂಡಿನ ಪೆಟ್ಟಿಗೆ ಟೆಂಟುಗಳ ಅಡಿಗೆ ಸಿಕ್ಕಾಕೊಂಡ್ರೆ ದಡದಲ್ಲಿ ಇರೋನು ಸತ್ತ ಹಾಗೇ.

ಇನ್ನೊಂದು ಮಾತು. ದ್ವೀಪ ಬೇಕಾಗಿದ್ದು ಹೆಚ್ಚಿನ ಕಡೆ ಏರ್‌ಸ್ಟ್ರಿಪ್‌ಗೋಸ್ಕರ. ಒಂದು ದ್ವೀಪದಿಂದ ಹಾರೋ ವಿಮಾನ ಎಷ್ಟು ದೂರ ಹೋಗಿ ವಾಪಸ್ ಬರಬಹುದೋ ಅಷ್ಟರ ಒಳಗೆ ಮುಂದಿನ ದ್ವೀಪ. ಹಾಗಾಗಿ ಮರೀನ್‌ಗಳ ಕೆಲಸ ದಡ ಮುಟ್ಟಿದ ಕೂಡ್ಲೇ ಮುಗೀತಿರ್ಲಿಲ್ಲ, ಆ ರನ್‌ವೇ ಕೈಗೆ ಬರಬೇಕು, ಕೈಲಿ ಉಳೀಬೇಕು. ನನ್ನ ಪ್ರಕಾರ ಇವರ ಕೆಲಸದ ಅತೀ ಕಷ್ಟದ ಭಾಗ ಈ ಉಳಿಸ್ಕೊಳ್ಳೋದೇ.

ಪ್ರಶ್ನೆ: ಗ್ವಾಡಲ್‌ಕೆನಾಲ್‌ನಲ್ಲಿ ಮರೀನ್‌ಗಳನ್ನ ಇಳಿಸಿ ನೇವಿಯವರು ಬಿಟ್ಟು ಹೋದ್ರು ಅಂತಾರೆ. ನಿಜಾನಾ?

ಉತ್ತರ: ಅರ್ಧ ನಿಜ, ಮತ್ತೆ ಆ ಇನ್ನರ್ಧ ಹೇಳದೇ ಇದ್ರೆ ನೇವಿಗೆ ದೊಡ್ಡ ಅನ್ಯಾಯ ಆಗುತ್ತೆ.

1942ರ ಆಗಸ್ಟ್ 7ರಂದು ಜನರಲ್ ವ್ಯಾಂಡೆಗ್ರಿಫ್ಟ್ ಅವರ 1ನೇ ಮರೀನ್ ಡಿವಿಜನ್ (ಸಾವಿರಾರು ಜನರ ದೊಡ್ಡ ಪಡೆ) ಸಾಲೊಮನ್ ದ್ವೀಪಗಳಲ್ಲಿ ಇಳೀತು. ಗ್ವಾಡಲ್‌ಕೆನಾಲ್ ದಡದಲ್ಲಿ ಅಂಥಾ ವಿರೋಧ ಇರ್ಲಿಲ್ಲ, ಎದುರಿಗಿದ್ದ ಟುಲಾಗಿ ದ್ವೀಪದ ಕಡೆ ಮಾತ್ರ ಜೋರು ಕಾಳಗ. ಮಾರನೇ ದಿನವೇ ಜಪಾನಿಯರು ಕಟ್ತಾ ಇದ್ದ ರನ್‌ವೇ ಕೈಗೆ ಬಂತು. ಆದ್ರೆ ಅಡ್ಮಿರಲ್ ಫ್ಲೆಚರ್ ತನ್ನ ವಿಮಾನವಾಹಕ ಹಡಗುಗಳನ್ನ ವಾಪಸ್ ತಗೊಂಡ್ರು, ಅದೇ ರಾತ್ರಿ ಸಾವೊ ದ್ವೀಪದ ಹತ್ರ ಜಪಾನಿ ನೌಕೆಗಳು ಬಂದು ಕ್ರೂಸರ್ ಅನ್ನೋ ನಾಲ್ಕು ದೊಡ್ಡ ಯುದ್ಧದ ಹಡಗುಗಳನ್ನ ಮುಳುಗಿಸಿಬಿಟ್ವು, ಮೂರು ಅಮೆರಿಕದ್ದು, ಒಂದು ಆಸ್ಟ್ರೇಲಿಯಾದ್ದು. ಆಗಸ್ಟ್ 9ಕ್ಕೆ ಸಾಮಾನಿನ ಹಡಗುಗಳೂ ಹೊರಟವು, ಅರ್ಧಕ್ಕಿಂತ ಹೆಚ್ಚು ಸಾಮಾನು ಇಳಿಸದೇನೇ. ದಡದಲ್ಲಿ ಉಳಿದವರು ದಿನಕ್ಕೆ ಎರಡು ಹೊತ್ತು ಊಟ ಮಾಡ್ಕೊಂಡು, ಜಪಾನಿಯರು ಬಿಟ್ಟುಹೋದ ಅಕ್ಕಿ ಬೇಯಿಸ್ಕೊಂಡು, ಅವರೇ ಬಿಟ್ಟುಹೋದ ಯಂತ್ರಗಳಲ್ಲಿ ರನ್‌ವೇ ಮುಗಿಸಿದ್ರು. ಎರಡು ತಿಂಗಳ ಹಿಂದೆ ಮಿಡ್‌ವೇ ಕಾಳಗದಲ್ಲಿ ಸತ್ತ ಮರೀನ್ ಪೈಲಟ್ ಲಾಫ್ಟನ್ ಹೆಂಡರ್ಸನ್ ಹೆಸರಲ್ಲಿ ಅದಕ್ಕೆ ಹೆಂಡರ್ಸನ್ ಫೀಲ್ಡ್ ಅಂತ ಹೆಸರಿಟ್ರು. ಆಗಸ್ಟ್ 20ಕ್ಕೆ 19 ಫೈಟರ್ ಮತ್ತು 12 ಡೈವ್ ಬಾಂಬರ್ ಬಂದಿಳಿದ್ವು. ಇಡೀ ಯುದ್ಧ ಆಮೇಲೆ ಆ ಒಂದು ಪಟ್ಟಿ ನೆಲದ ಸುತ್ತಾನೇ ತಿರುಗ್ತು. ಹಗಲು ಆ ವಿಮಾನಗಳು ಇರೋ ತನಕ ಜಪಾನಿ ಹಡಗು ಹತ್ರ ಬರೋ ಹಾಗಿಲ್ಲ, ಅದಕ್ಕೆ ಅವರು ರಾತ್ರಿ ಹೊತ್ತು ಡಿಸ್ಟ್ರಾಯರ್ ಅನ್ನೋ ವೇಗದ ಸಣ್ಣ ಯುದ್ಧದ ಹಡಗುಗಳಲ್ಲಿ ಸ್ವಲ್ಪ ಸ್ವಲ್ಪ ಸೈನಿಕರನ್ನ ತಂದು ಇಳಿಸಿ ಬೆಳಗಾಗೋದ್ರೊಳಗೆ ಹೊರಟುಹೋಗ್ತಿದ್ರು, ಹೀಗೆ ತಂದ್ರೆ ದೊಡ್ಡ ಫಿರಂಗಿ, ಸಾಕಷ್ಟು ಅಕ್ಕಿ ಎಲ್ಲಿಂದ ಬರಬೇಕು. ಆಗಸ್ಟ್ 21ರಂದು ಜಪಾನಿ ಕರ್ನಲ್ ಇಚಿಕಿಯ ಸುಮಾರು 900 ಜನ ನುಗ್ಗಿ ಹೆಚ್ಚೂಕಮ್ಮಿ ಎಲ್ರೂ ಸತ್ತರು. ಸೆಪ್ಟೆಂಬರ್‌ನಲ್ಲಿ ರನ್‌ವೇ ದಕ್ಷಿಣಕ್ಕಿದ್ದ ದಿಬ್ಬದ ಮೇಲೆ ಮರೀನ್ ಅಧಿಕಾರಿ ಎಡ್ಸನ್ ಅವರ ರೇಡರ್‌ಗಳು (ದಿಢೀರ್ ದಾಳಿಗೆ ತಯಾರಾದ ಮರೀನ್‌ಗಳು) ಮತ್ತು ಪ್ಯಾರಾಶೂಟ್ ಮರೀನ್‌ಗಳು ತಮಗಿಂತ ಎಷ್ಟೋ ಪಟ್ಟು ಜಾಸ್ತಿ ಇದ್ದವರನ್ನ ತಡೆದು ನಿಲ್ಲಿಸಿದ್ರು. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಕೊಂಗೊ, ಹರುನಾ ಅನ್ನೋ ಎರಡು ಯುದ್ಧನೌಕೆಗಳು ರನ್‌ವೇ ಮೇಲೆ 900ಕ್ಕೂ ಹೆಚ್ಚು ಭಾರೀ ಶೆಲ್ ಸುರಿಸಿದ್ವು. ಇದರ ಮೇಲೆ ಮಲೇರಿಯಾ, ಅದು ಗುಂಡಿಗಿಂತ ಜಾಸ್ತಿ ಜನರನ್ನ ಹಾಸಿಗೆ ಹಿಡಿಸ್ತು.

ಈಗ ಇನ್ನರ್ಧ. ನೇವಿ ವಾಪಸ್ ಬಂತು, ಮತ್ತೆ ಮತ್ತೆ ಬಂತು. ನವೆಂಬರ್ ಮಧ್ಯದ ಕತ್ತಲ ಕಾಳಗದಲ್ಲಿ ಕ್ಯಾಲಗನ್, ಸ್ಕಾಟ್ ಇಬ್ಬರು ಅಡ್ಮಿರಲ್‌ಗಳೇ ಸತ್ತರು, ಜೂನೋ ಹಡಗಿನ ಜೊತೆ ಸಲಿವನ್ ಮನೆಯ ಐದೂ ಜನ ಅಣ್ಣತಮ್ಮಂದಿರು ಹೋದ್ರು. ಇಡೀ ಅಭಿಯಾನದಲ್ಲಿ ನೆಲದ ಮೇಲೆ ಹೋರಾಡಿ ಸತ್ತ ಅಮೆರಿಕನ್ನರು ಸುಮಾರು 1,600, ಸಮುದ್ರದಲ್ಲಿ ಸತ್ತವರು ಸುಮಾರು 5,000. ಈ ಲೆಕ್ಕ ಗೊತ್ತಿದ್ದವರು ನೇವಿ ಓಡಿಹೋಯ್ತು ಅನ್ನೋ ಮಾತು ಆಡಬಾರದು. ಡಿಸೆಂಬರ್‌ನಲ್ಲಿ ಸುಸ್ತಾಗಿ ಬಿದ್ದಿದ್ದ 1ನೇ ಡಿವಿಜನ್ ಹೊರಟು ಆರ್ಮಿ ಜವಾಬ್ದಾರಿ ತಗೊಂಡ್ತು, 1943ರ ಫೆಬ್ರವರಿಗೆ ಜಪಾನಿಯರು ಉಳಿದವರನ್ನ ಕರ್ಕೊಂಡು ಹೋದ್ರು. ಅವರ ಕಡೆ ಹಸಿವು ಮತ್ತು ಕಾಯಿಲೆಯಿಂದ ಸತ್ತವರೇ ಸಾವಿರಾರು, ಅದನ್ನೂ ಮರೀಬಾರದು.

ಪ್ರಶ್ನೆ: ತರಾವಾದಂಥ ಚಿಕ್ಕ ದ್ವೀಪಕ್ಕೆ ಸಾವಿರ ಮರೀನ್‌ಗಳು ಸಾಯಬೇಕಿತ್ತಾ? ಆರ್ಮಿ ಎಲ್ಲಿತ್ತು?

ಉತ್ತರ: ತರಾವಾ ಮಧ್ಯ ಪೆಸಿಫಿಕ್‌ನ ಒಂದು ದ್ವೀಪಗುಚ್ಛ, ಕಾಳಗ ನಡೆದ ಅದರ ಬೆಟಿಯೊ ತುಂಡು 300 ಎಕರೆಯೂ ಇಲ್ಲ. 1943ರ ನವೆಂಬರ್ 20ರಿಂದ 76 ಗಂಟೆಯಲ್ಲಿ ಸುಮಾರು 1,000 ಅಮೆರಿಕನ್ನರು ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯ. ಮುಖ್ಯ ಕಾರಣಗಳಲ್ಲಿ ಒಂದು ನೀರು. ದ್ವೀಪದ ಸುತ್ತ ಹವಳದ ದಿಬ್ಬ, ಅದರ ಮೇಲೆ ಬೋಟು ದಾಟೋವಷ್ಟು ನೀರು ಉಬ್ಬರದಲ್ಲಿ ಬರಬೇಕಿತ್ತು, ಬರ್ಲಿಲ್ಲ. ನೀರಲ್ಲೂ ನೆಲದಲ್ಲೂ ಓಡೋ ಚೈನ್ ಚಕ್ರದ ಆಮ್‌ಟ್ರ್ಯಾಕ್‌ಗಳು ದಿಬ್ಬ ಹತ್ತಿ ದಾಟಿದ್ವು, ಆದ್ರೆ ಇದ್ದಿದ್ದು 125 ಮಾತ್ರ. ಹಿಂದೆ ಹಿಗಿನ್ಸ್ ಬೋಟಲ್ಲಿ (ಸೈನಿಕರನ್ನ ದಡಕ್ಕೆ ಇಳಿಸೋ ಮಾಮೂಲಿ ಬೋಟು) ಬಂದವರು ದಿಬ್ಬದ ಹತ್ರವೇ ಇಳಿದು ಎದೆ ಮಟ್ಟದ ನೀರಲ್ಲಿ ರೈಫಲ್ ಎತ್ತಿ ಹಿಡ್ಕೊಂಡು ಅರ್ಧ ಕಿಲೋಮೀಟರ್ ಹತ್ರ ನಡೀಬೇಕಾಯ್ತು, ಎದುರಿಂದ ಮೆಷಿನ್‌ಗನ್. ಮೊದಲ ದಿನ ಇಳಿದ ಸುಮಾರು 5,000 ಜನರಲ್ಲಿ 1,500 ಜನ ಸತ್ತೋ ಗಾಯವಾಗೋ ಬಿದ್ರು. ರೇಡಿಯೊಗಳು ನೆನೆದು ಕೆಟ್ವು. ಕರ್ನಲ್ ಡೇವಿಡ್ ಶೂಪ್ ಗಾಯ ಆಗಿದ್ರೂ ದಡದಲ್ಲೇ ನಿಂತು ಕಾಳಗ ನಡೆಸಿದ್ರು.

ಸಾಯಬೇಕಿತ್ತಾ ಅಂದ್ರೆ, ಅಷ್ಟು ಜನ ಸಾಯಬೇಕಿರ್ಲಿಲ್ಲ. ಮೂರೇ ಗಂಟೆ ಹಡಗಿನ ಫಿರಂಗಿ ಹೊಡೆದ್ರೆ ತೆಂಗಿನ ದಿಮ್ಮಿ ಮತ್ತು ಕಾಂಕ್ರೀಟಿನ ಬಂಕರ್‌ಗಳು ಪುಡಿಯಾಗುತ್ತೆ ಅನ್ಕೊಂಡಿದ್ದು ದೊಡ್ಡ ತಪ್ಪು. ಆ ತಪ್ಪು ಬೇಗ ತಿದ್ದಿಕೊಂಡ್ರು ಅನ್ನೋದೂ ಅಷ್ಟೇ ನಿಜ. ಮುಂದೆ ದಡದ ನೀರನ್ನ ಮೊದಲೇ ಈಜಿ ನೋಡಿ ಬರೋ ತಂಡಗಳು, ಜಾಸ್ತಿ ಆಮ್‌ಟ್ರ್ಯಾಕ್, ಗುರಿಯಿಟ್ಟು ದಿನಗಟ್ಟಲೆ ಶೆಲ್ ದಾಳಿ ಬಂದ್ವು, ಎರಡೇ ತಿಂಗಳ ನಂತರ ಕ್ವಾಜಲಿನ್ ದ್ವೀಪದಲ್ಲಿ ಸಾವು ತುಂಬಾ ಕಡಿಮೆ ಆಯ್ತು. ಅಷ್ಟೆಲ್ಲ ಕಲಿತ ಮೇಲೂ ಪೆಲೆಲಿಯು, ಇವೋ ಜಿಮಾ ದ್ವೀಪಗಳಲ್ಲಿ ಜಪಾನಿಯರು ದಡ ಬಿಟ್ಟು ಒಳಗೆ ಸುರಂಗ ತೋಡಿ ಕಾದ್ರು, ಇವೋ ಜಿಮಾ ಒಂದ್ರಲ್ಲೇ 6,800 ಹತ್ರ ಅಮೆರಿಕನ್ನರು ಹೋದ್ರು.

ಇನ್ನು ಆರ್ಮಿ. ಮರೀನ್‌ಗಳ ಡಿವಿಜನ್ ಒಟ್ಟು ಆರೇ, ಪೆಸಿಫಿಕ್‌ನಲ್ಲಿ ಆರ್ಮಿ ಡಿವಿಜನ್‌ಗಳು ಅದಕ್ಕಿಂತ ಎಷ್ಟೋ ಜಾಸ್ತಿ. ನ್ಯೂಗಿನಿ, ಫಿಲಿಪ್ಪೀನ್ಸ್ ಬಹುಮಟ್ಟಿಗೆ ಆರ್ಮಿ ಗೆದ್ದಿದ್ದು, ಓಕಿನಾವದಲ್ಲಿ ಇಬ್ಬರೂ ಇದ್ರು. ಫೋಟೊಗಳಲ್ಲಿ ಮರೀನ್‌ಗಳು ಜಾಸ್ತಿ ಕಾಣ್ತಾರೆ, ಅಷ್ಟಕ್ಕೇ ಆರ್ಮಿಯವರನ್ನ ಬಿಟ್ಟುಬಿಡೋದು ಸರಿಯಲ್ಲ.

ಪ್ರಶ್ನೆ: ಆ ದ್ವೀಪಗಳಲ್ಲಿ ಮೊದಲಿಂದ ಇದ್ದ ಜನ ಏನಾದ್ರು?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಿಶೇಷ ಧನ್ಯವಾದ, ಯಾಕಂದ್ರೆ ಬಹಳ ಕಡಿಮೆ ಜನ ಕೇಳ್ತಾರೆ. ಸಾಲೊಮನ್ ಜನ ಸಾಮಾನು ಹೊತ್ರು, ಕಾಡಲ್ಲಿ ದಾರಿ ತೋರಿಸಿದ್ರು, ಕರಾವಳಿ ಕಾಯ್ತಿದ್ದ ಕೋಸ್ಟ್‌ವಾಚರ್‌ಗಳಿಗೆ ಕಣ್ಣಾಗಿದ್ರು. ಜಪಾನಿಯರ ನೆಲೆ ರಬೌಲ್‌ನಿಂದ ಬಾಂಬರ್‌ಗಳು ಹೊರಟ್ರೆ ದಾರಿಯಲ್ಲಿದ್ದ ಬೂಗನ್‌ವಿಲ್ ದ್ವೀಪದಿಂದ ರೇಡಿಯೊ ಸುದ್ದಿ ಬರ್ತಿತ್ತು, ಹೆಂಡರ್ಸನ್ ಫೀಲ್ಡ್ ಪೈಲಟ್‌ಗಳಿಗೆ ಮೇಲೇರೋಕೆ ಟೈಮ್ ಸಿಕ್ತಿತ್ತು. ಜೇಕಬ್ ವೂಜಾ ಅನ್ನೋ ನಿವೃತ್ತ ಪೊಲೀಸ್‌ನವರನ್ನ ಇಚಿಕಿಯ ಸೈನಿಕರು ಹಿಡಿದು ಮರಕ್ಕೆ ಕಟ್ಟಿ ಬಯೊನೆಟ್‌ನಿಂದ ಇರಿದು ಬಿಟ್ಟುಹೋದ್ರು, ಅವರು ಬಾಯಿ ಬಿಡ್ಲಿಲ್ಲ, ಹಗ್ಗ ಹಲ್ಲಲ್ಲಿ ಕಚ್ಚಿ ಬಿಡಿಸ್ಕೊಂಡು ಮರೀನ್‌ಗಳ ಹತ್ರ ಬಂದು ದಾಳಿಯ ಸುದ್ದಿ ಮುಟ್ಟಿಸಿದ್ರು. ಬದುಕಿದ್ರು ಕೂಡ, ಅಮೆರಿಕ ಸಿಲ್ವರ್ ಸ್ಟಾರ್ ಕೊಡ್ತು, ಬ್ರಿಟನ್ ಆಮೇಲೆ ಸರ್ ಪದವಿ ಕೊಡ್ತು.

ಆದ್ರೆ ಆ ಜನಕ್ಕೆ ಯುದ್ಧ ಪೂರ್ತಿ ಮುಗಿದಿಲ್ಲ. ಹೆಂಡರ್ಸನ್ ಫೀಲ್ಡ್ ಇದ್ದ ಜಾಗದಲ್ಲಿ ಈಗ ಹೊನಿಯಾರಾ ವಿಮಾನ ನಿಲ್ದಾಣ ಇದೆ, ಆ ಊರಿನ ಮಣ್ಣಲ್ಲಿ ಸಿಡಿಯದ ಶೆಲ್‌ಗಳು ಇನ್ನೂ ಇವೆ, 2021ರಲ್ಲೂ ಅಂಥದ್ದೊಂದು ಸಿಡಿದು ಅಲ್ಲಿಯ ಯುವಕರು ಸತ್ತಿದ್ದಾರೆ. ಅವನ್ನ ಹುಡುಕಿ ತೆಗೆಯೋ ಕೆಲಸ ಈಗಲೂ ನಡೀತಿದೆ.