ಅಪ್ಪನ ಹೆಸರಿನ ಬಂದೂಕು, ತೊಗರಿ ಹೊಲದ ಹಂದಿ: ಆಳಂದ ಅಣ್ಣಾರ ಪ್ರಶ್ನೆಗೆ ಉತ್ತರ

ಆಳಂದ ಅಣ್ಣಾರು ಕೇಳಿದ್ದು ಇಷ್ಟು. ಅವರ ಅಪ್ಪಾಜಿ ತೀರಿಕೊಂಡು ವರ್ಷ ಆಗ್ಲಾಕ ಬಂತು, ಅವರ ಹೆಸರಿಗೆ ಲೈಸೆನ್ಸ್ ಇದ್ದ ಸಿಂಗಲ್ ಬ್ಯಾರಲ್ ಬಂದೂಕು ಇನ್ನೂ ಮನ್ಯಾಗ ಗೋಡಿಗೆ ತೂಗಾಕ್ಯಾರ, ತೊಗರ್ಯಾಗ ಅಡವಿ ಹಂದಿ ಕಾಟ ವಿಪರೀತ ಆಗ್ಯದ, ಬಾಜೂ ಹೊಲದವರು ಎರಡು ರಾತ್ರಿ ಕೊಡ್ರಿ ಹೊಡದು ವಾಪಸ್ ಕೊಡ್ತೀವಿ ಅಂತ ಗಂಟು ಬಿದ್ದಾರ, ಅಕಸ್ಮಾತ್ ಯಾರಿಗಾರ ಗುಂಡು ಬಿದ್ರ ಜವಾಬ್ದಾರಿ ಯಾರದು ಅಂತ. ಅದಕ್ಕ ಕೆಳಗ ಮೂರು ನಾಲ್ಕು ಮಂದಿ ಲೈಸೆನ್ಸ್ ಇದ್ದ ಬಂದೂಕು ಅದ ಏನೂ ಆಗಂಗಿಲ್ಲ, ಆಕಸ್ಮಿಕ ಅಂತ ಬರಸಿದ್ರ ಮುಗೀತು ಅಂದಾರ. ದಯವಿಟ್ಟು ಆ ಮಾತು ನಂಬಬ್ಯಾಡ್ರಿ. ನಮ್ಮ ಮನ್ಯಾಗ ಇದನ್ನ ಅನುಭವಿಸೀವಿ, ಅದಕ್ಕ ಸ್ವಲ್ಪ ಉದ್ದ ಬರೀಲಾಕತ್ತೀನಿ, ಪೂರ್ತಿ ಓದ್ರಿ.

ಮೊದಲ ಮಾತು, ಆ ಬಂದೂಕಿಗೆ ಈಗ ಲೈಸೆನ್ಸ್ ಇಲ್ಲ. ಲೈಸೆನ್ಸ್ ಅನ್ನೋದು ಮನಿತನಕ್ಕ ಕೊಡೋದಲ್ರಿ, ಪುಸ್ತಕದಾಗ ಹೆಸರಿದ್ದ ವ್ಯಕ್ತಿಗೆ ಕೊಡೋದು, ಆ ವ್ಯಕ್ತಿ ಹೋದ ಮ್ಯಾಲ ಹೊಲ ಮನಿ ಹೆಸರಿಗೆ ಆದಂಗ ಬಂದೂಕು ತಾನೇ ಮಗನ ಹೆಸರಿಗೆ ಬರಂಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಕಲಂ 21 ಏನು ಹೇಳ್ತದಂದ್ರ ಯಾವ ಕಾರಣಕ್ಕಾದ್ರೂ ಸರಿ, ಇಟ್ಟುಕೊಳ್ಳೋ ಹಕ್ಕು ಹೋಯ್ತಂದ್ರ ತಡ ಮಾಡದ ಹತ್ತಿರದ ಪೊಲೀಸ್ ಠಾಣೆದಾಗ ಇಲ್ಲಾಂದ್ರ ಲೈಸೆನ್ಸ್ ಇರೋ ಬಂದೂಕು ಅಂಗಡ್ಯಾಗ ಜಮಾ ಮಾಡಬೇಕು. ಜಮಾ ಮಾಡಿದ್ರ ಬಂದೂಕು ಹೋಗೇ ಬಿಡ್ತು ಅಂತ ತಿಳ್ಕೋಬ್ಯಾಡ್ರಿ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸಿಕೊಂಡು ವಾಪಸ್ ತಗೋಬಹುದು, ಬ್ಯಾಡಂದ್ರ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಆದ್ರ ಹಂಗೇ ಗೋಡಿಗೆ ಇಟ್ಟುಕೊಂಡ್ರ ಅದು ಲೈಸೆನ್ಸ್ ಇಲ್ಲದ ಬಂದೂಕು ಇಟ್ಟಂಗೇ, 2019ರ ತಿದ್ದುಪಡಿ ಆದ ಮ್ಯಾಲ ಅದಕ್ಕ ಕಡಿಮೆ ಅಂದ್ರೂ 2 ವರ್ಷ, ಜಾಸ್ತಿ ಅಂದ್ರ 5 ವರ್ಷ ಶಿಕ್ಷೆ. ಗುಂಡು ಹಾರಿಸೋದೇ ಬೇಕಿಲ್ಲ, ಮನ್ಯಾಗ ಸಿಕ್ಕರೂ ಸಾಕು.

ಇನ್ನ ಬಾಜೂದವರಿಗೆ ಕೊಡೋ ಮಾತು. ಅಪ್ಪಾಜಿ ಇದ್ದಾಗ ಕೇಳಿದ್ರೂ ಕೊಡ್ಲಾಕ ಬರ್ತಿರಲಿಲ್ಲ. ಲೈಸೆನ್ಸ್ ಇಲ್ಲದವರು ಬಂದೂಕು ಹಿಡಕೊಂಡು ಹೋಗಬೇಕಂದ್ರ ಲೈಸೆನ್ಸ್‌ದಾರ ಜೊತಿಗಿರಬೇಕು ಇಲ್ಲಾ ಬರದು ಕೊಟ್ಟಿರಬೇಕು, ಅದೂ ರಿಪೇರಿಗೆ, ರಿನಿವಲ್‌ಗೆ, ಇಲ್ಲಾ ಆ ಲೈಸೆನ್ಸ್‌ದಾರನೇ ಉಪಯೋಗಿಸಲಿಕ್ಕ ಒಯ್ಯೋದಿದ್ರ ಮಾತ್ರ. ಎತ್ತು, ಬಿತ್ತೋ ಕೂರಿಗಿ ಎರವಲು ಕೊಟ್ಟಂಗ ಕೊಡೋ ವಸ್ತು ಅಲ್ಲ ಇದು. ಕೊಟ್ಟವನ ಮ್ಯಾಲ ಅದೇ ಶಸ್ತ್ರಾಸ್ತ್ರ ಕಾಯ್ದೆ ಕಲಂ 29ರ ಕೇಸ್ ಬ್ಯಾರೆ ಆಗ್ತದ, ಮ್ಯಾಲಿಂದ ಗುಂಡು ಬಿದ್ದವರ ಮನಿಯವರು ಪರಿಹಾರಕ್ಕ ಸಿವಿಲ್ ದಾವಾ ಹಾಕಿದ್ರ ಹೊಡದವನ ಜೊತಿಗೆ ಕೊಟ್ಟವನ ಹೆಸರೂ ಬರೀತಾರ. ಹೊಲ ಕಾಯೋ ಸಂಬಳದಾಳಿನ ಕೈಯಾಗ ಕೊಟ್ಟು ಮನಿಗಿ ಬಂದು ಮಲಗೋ ಮಾಲಕರು ನಮ್ಮ ಕಡೆ ಭಾಳ ಮಂದಿ ಅದಾರ, ಅವರು ಇದನ್ನ ಎರಡು ಸಲ ಓದ್ರಿ, ಆಳು ಮಾಡಿದ್ದಕ್ಕ ಪರಿಹಾರದ ಭಾರ ಮಾಲಕನ ಮ್ಯಾಲೂ ಬೀಳ್ತದ.

ಈಗ ಆಕಸ್ಮಿಕ ಅನ್ನೋ ಮಾತಿಗೆ ಬರೋಣು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದದ, ಅದರಾಗ ಕಲಂ 18 (ಮೊದಲು ಐಪಿಸಿ 80 ಇತ್ತು) ಆಕಸ್ಮಿಕಕ್ಕ ಮಾಫಿ ಕೊಡ್ತದ, ಖರೆ. ಆದ್ರ ಅದರಾಗಿನ ಒಂದೊಂದು ಶಬ್ದ ನೋಡ್ರಿ. ಮಾಡೋ ಕೆಲಸ ಕಾನೂನುಬದ್ಧ ಇರಬೇಕು, ಮಾಡೋ ರೀತಿ ಕಾನೂನುಬದ್ಧ ಇರಬೇಕು, ಉಪಯೋಗಿಸೋ ಸಾಧನ ಕಾನೂನುಬದ್ಧ ಇರಬೇಕು, ಅಪರಾಧದ ಉದ್ದೇಶ ತಿಳಿವಳಿಕೆ ಎರಡೂ ಇರಬಾರದು, ಇಷ್ಟರ ಮ್ಯಾಲ ತಕ್ಕ ಎಚ್ಚರಿಕೆ ತಗೊಂಡಿರಬೇಕು. ಕಾಯ್ದೆದಾಗೇ ಉದಾಹರಣೆ ಕೊಟ್ಟಾರ, ಒಬ್ಬಾವ ಕೊಡ್ಲಿ ಹಿಡಿದು ಕೆಲಸ ಮಾಡ್ತಿರ್ತಾನ, ಕೊಡ್ಲಿ ಕಾವಿನಿಂದ ಕಳಚಿ ಹಾರಿ ಬಾಜೂ ನಿಂತವನಿಗೆ ಬಡದು ಅವ ಸಾಯ್ತಾನ, ಎಚ್ಚರಿಕೆದಾಗ ಏನೂ ಕೊರತೆ ಇರಲಿಲ್ಲಂದ್ರ ಅದು ಅಪರಾಧ ಅಲ್ಲ. ನಾವು ಒಕ್ಕಲುತನ ಮಾಡೋರು ಇದನ್ನ ಸರಳ ತಿಳ್ಕೋತೀವಿ, ಕಾವು ಸಡಿಲ ಅದ ಅಂತ ಗೊತ್ತಿದ್ದೂ ಬೀಸಿದ್ರ ಅದು ಆಕಸ್ಮಿಕ ಆಗಂಗಿಲ್ಲ. ಅದೇ ಅಳತಿ ಬಂದೂಕಿಗೆ ಹಚ್ಚಿ ನೋಡ್ರಿ. ಅರಣ್ಯ ಇಲಾಖೆ ಪರವಾನಗಿ ಇಲ್ಲದ ಹಂದಿ ಹೊಡೀಲಾಕ ಹೋದ್ರ ಕೆಲಸನೇ ಕಾನೂನುಬದ್ಧ ಅಲ್ಲ. ತೀರಿಹೋದವರ ಬಂದೂಕು ಇಲ್ಲಾ ನಾಡ ಬಂದೂಕು ಇದ್ರ ಸಾಧನ ಕಾನೂನುಬದ್ಧ ಅಲ್ಲ. ಕತ್ತಲ್ಯಾಗ ತೊಗರಿ ಅಲ್ಲಾಡಿದ ಕಡೆ ಹೊಡದ್ರ ಎಚ್ಚರಿಕೆ ಎಲ್ಲಿ ಉಳೀತು. ಮತ್ತ ಈ ಮಾಫಿ ಬೇಕಂದ್ರ ನಾವು ಎಚ್ಚರಿಕೆ ತಗೊಂಡಿದ್ವಿ ಅಂತ ತೋರಿಸೋ ಭಾರ ಆರೋಪಿ ಮ್ಯಾಲೇ ಇರ್ತದ.

ನಮ್ಮ ಸೋದರಮಾವಂದು ಹೇಳ್ತೀನಿ. ಚಿಂಚೋಳಿ ಕಡೆ ಹೊಲ, ಹನ್ನೆರಡು ವರ್ಷದ ಹಿಂದಿನ ಮಾತು, ಲೈಸೆನ್ಸ್ ಸರಿ ಇತ್ತು, ಬಂದೂಕು ಅವರದೇ, ಕುಡಿಯೋ ಚಟ ಇಲ್ಲ, ಊರಾಗ ಒಳ್ಳೆ ಹೆಸರು. ತೊಗರಿ ಕಾಯಿ ಕಟ್ಟೋ ಹೊತ್ತು, ರಾತ್ರಿ ಒಡ್ಡಿನ ಮ್ಯಾಲ ಕುಂತಿದ್ರು, ಆಚಿ ಹೊಲದಾಗ ಒಂದು ಹುಡುಗ ಡಬ್ಬಿ ಬಡೀತಿದ್ದ, ಸ್ವಲ್ಪ ಹೊತ್ತಿಗೆ ಡಬ್ಬಿ ಸಪ್ಪಳ ನಿಂತಿತು, ಹುಡುಗ ಮನಿಗಿ ಹೋದ ಅಂತ ಮಾವ ತಿಳ್ಕೊಂಡ್ರು. ಹುಡುಗ ಹೋಗಿರಲಿಲ್ಲ, ಹಂದಿ ಹೆಜ್ಜಿ ನೋಡ್ಕೊಂತ ತೊಗರ್ಯಾಗ ಬಗ್ಗಿ ಈ ಕಡೆ ಬಂದಿದ್ದ. ತೊಗರಿ ಸರಕ್ ಸರಕ್ ಅಂತು, ಮಾವ ಹೊಡದ್ರು. ಛರ್ರಾ (ಕಾರ್ತೂಸಿನಾಗಿನ ಸಣ್ಣ ಗುಂಡು) ತೊಡಿಗೆ, ಮೊಣಕಾಲಿಗೆ ಬಿದ್ದವು. ಮಾವನೇ ಹೊತ್ತುಕೊಂಡು ಓಡಿ ಟ್ರ್ಯಾಕ್ಟರ್ ಟ್ರಾಲಿದಾಗ ಹಾಕ್ಕೊಂಡು ದವಾಖಾನೆಗೆ ಒಯ್ದರು, ಅದಕ್ಕೇ ಜೀವ ಉಳೀತು. ಆದ್ರ ಎಡಗಾಲು ಇವತ್ತಿಗೂ ಪೂರ್ತಿ ಮಡಚಂಗಿಲ್ಲ. ನಿರ್ಲಕ್ಷ್ಯದಿಂದ ಜೋರು ಗಾಯ ಮಾಡಿದ್ದಕ್ಕ ಆಗಿನ ಐಪಿಸಿ 338, ಜೊತಿಗೆ ಲೈಸೆನ್ಸ್ ಷರತ್ತು ಮುರಿದಿದ್ದಕ್ಕ ಶಸ್ತ್ರಾಸ್ತ್ರ ಕಾಯ್ದೆ ಕಲಂ 30, ಬಂದೂಕು ಜಪ್ತಿ, ಲೈಸೆನ್ಸ್ ರದ್ದು. ನಾಲ್ಕು ವರ್ಷ ತಾರೀಖಿಗೆ ಅಡ್ಡಾಡಿದ್ವಿ, ಜಾಮೀನು ನಾನೇ ನಿಂತಿದ್ದೆ, ಎರಡು ಎಕರೆ ಒತ್ತಿ ಹಾಕಿ ಹುಡುಗನ ಆಪರೇಷನ್ ಖರ್ಚು ಕೊಟ್ರು. ಗಾಯದ ಕೇಸ್ ಆಗಿದ್ದಕ್ಕ ಕಡೀಕ ಕೋರ್ಟ್ ಪರವಾನಗಿ ತಗೊಂಡು ರಾಜಿ ಆಯ್ತು. ಮಾವ ಈಗಲೂ ತೊಗರಿ ಕಾಯಿ ಕಟ್ಟೋ ಹೊತ್ತಿಗೆ ರಾತ್ರಿ ಆ ಹೊಲಕ್ಕ ಹೋಗಂಗಿಲ್ಲ.

ಆ ಹುಡುಗ ಸತ್ತಿದ್ರ ಊರ ಹಿರಿಯರು ಕುಂತು ರಾಜಿ ಮಾಡ್ಲಾಕ ಬರ್ತಿರಲಿಲ್ಲ. ನಿರ್ಲಕ್ಷ್ಯದಿಂದ ಸಾವಿಗೆ ಈಗ ನ್ಯಾಯ ಸಂಹಿತೆ ಕಲಂ 106, ಮೊದಲು 2 ವರ್ಷ ಇದ್ದ ಶಿಕ್ಷೆ ಈಗ 5 ವರ್ಷದ ತನಕ ಆಗ್ಯದ, ಅದು ರಾಜಿ ಆಗೋ ಕಲಂ ಅಲ್ಲ. ಜೋರು ಗಾಯ ಆದ್ರ ಕಲಂ 125ರಾಗ 3 ವರ್ಷದ ತನಕ. ಅದಕಿಂತ ದೊಡ್ಡ ಹೆದರಿಕಿ ಮಾನವ ಹತ್ಯೆಯ ಕಲಂ 105, ಅಲ್ಲಿ ಮಂದಿ ಇರಬಹುದು, ಹೊಡದ್ರ ಸಾಯಬಹುದು ಅಂತ ಗೊತ್ತಿದ್ದೂ ಹೊಡದಾನ ಅಂತ ಕಂಡು ಬಂದ್ರ 10 ವರ್ಷದ ತನಕ ಶಿಕ್ಷೆ, ಸೆಷನ್ಸ್ ಕೋರ್ಟ್ ಕೇಸ್, ಜಾಮೀನು ಹಕ್ಕಿನಿಂದ ಸಿಗಂಗಿಲ್ಲ. ಕಾಯ್ದೆದಾಗ ಇನ್ನೊಂದು ಉದಾಹರಣೆ ಅದ, ಕೋಳಿ ಕದೀಬೇಕಂತ ಅದಕ್ಕ ಗುಂಡು ಹೊಡದಾವ, ಪೊದಿ ಹಿಂದ ಮನುಷ್ಯ ಇದ್ದದ್ದು ಗೊತ್ತಿಲ್ಲದ ಅವನು ಸತ್ರ ಅದು ಮಾನವ ಹತ್ಯೆ ಆಗಂಗಿಲ್ಲ ಅಂತ. ಆ ಗೊತ್ತಿಲ್ಲದ ಅನ್ನೋ ಒಂದು ಶಬ್ದದ ಮ್ಯಾಲೇ ಎಲ್ಲಾ ನಿಂತದ, ಮತ್ತ ಅಷ್ಟಕ್ಕ ನಿರ್ಲಕ್ಷ್ಯದ ಕೇಸ್ ತಪ್ಪಂಗಿಲ್ಲ.

ಅಣ್ಣಾರ ಪ್ರಶ್ನೆ ಕೆಳಗ ಬರದವರಾಗ ಒಬ್ಬರು ಕೋರ್ಟ್ ಬಿಟ್ಟುಬಿಟ್ಟ ಕೇಸೂ ಅವ ಅಂದ್ರಲ್ಲ, ಅವ. ಒಡಿಶಾ ಹೈಕೋರ್ಟ್ 1978ರಾಗ ಮೆಕ್ಕೆಜೋಳದ ಹೊಲ ಕಾಯೋನೊಬ್ಬನ್ನ ಬಿಟ್ಟದ, ಅವ ಕರಡಿ ಅಂತ ತಿಳಿದು ಬಾಣ ಬಿಟ್ಟಿದ್ದ, ಅಡಗಿದ್ದ ಮನುಷ್ಯ ಸತ್ತ. ಅದನ್ನ ಹಿಡಕೊಂಡು ಧೈರ್ಯ ಮಾಡಬ್ಯಾಡ್ರಿ. 1987ರಾಗ ಸುಪ್ರೀಂ ಕೋರ್ಟ್ ಇನ್ನೊಂದು ಒಡಿಶಾ ಕೇಸ್‌ನಾಗ, ರಾತ್ರಿ ಬಂದವನ್ನ ಕಳ್ಳ ಅಂತ ತಿಳಿದು ಹೊಡದೆ ಅಂದವನ ಮಾತು ಒಪ್ಪಲಿಲ್ಲ, ಸರಿಯಾಗಿ ನೋಡಿ ವಿಚಾರ ಮಾಡದ ತಿಳ್ಕೊಂಡಿದ್ದು ಸದ್ಭಾವನೆ ಆಗಂಗಿಲ್ಲ ಅಂತ ಹೇಳ್ತು.

ಹಂದಿ ವಿಚಾರ. ಬೆಳಿ ತಿಂತದ ಅಂದ ಮಾತ್ರಕ್ಕ ಹೊಡಿಯೋ ಹಕ್ಕು ನಮಗ ಬರಂಗಿಲ್ಲ. ವನ್ಯಜೀವಿ ಕಾಯ್ದೆದಾಗ ಈಗ ಕಾಡುಹಂದಿ 2ನೇ ಅನುಸೂಚಿದಾಗ (ರಕ್ಷಣೆ ಇರೋ ಪ್ರಾಣಿಗಳ ಎರಡನೇ ಪಟ್ಟಿ) ಅದ, ನಿಂತ ಬೆಳಿಗೆ ಅಪಾಯ ಅದ ಅಂತ ಮುಖ್ಯ ವನ್ಯಜೀವಿ ಪರಿಪಾಲಕರು ಇಲ್ಲಾ ಅವರು ಅಧಿಕಾರ ಕೊಟ್ಟವರು ಬರವಣಿಗಿ ಆದೇಶ ಕೊಟ್ರ ಮಾತ್ರ ಹೊಡೀಬಹುದು. ಬಂದೂಕು ಲೈಸೆನ್ಸ್ ಒಂದು, ಹೊಡಿಯೋ ಪರವಾನಗಿ ಇನ್ನೊಂದು, ಇದನ್ನ ಕೂಡಿಸಿಬಿಡ್ತಾರ ನಮ್ಮ ಮಂದಿ. ಕತ್ತಲ್ಯಾಗ ಹಂದಿ ಅಂತ ಹೊಡದದ್ದು ಕೃಷ್ಣಮೃಗ ಆದ್ರ ಮುಗೀತು, ಬೀದರ್ ಕಡೆ ಅವು ಹೊಲದಾಗೇ ಇರ್ತಾವ, 1ನೇ ಅನುಸೂಚಿ ಪ್ರಾಣಿ, 3ರಿಂದ 7 ವರ್ಷ. ಚಿಂಚೋಳಿ ಸುತ್ತ ಇರೋರು ಒಂದು ಮಾತು ನೆನಪಿಡ್ರಿ, ಅದು ವನ್ಯಜೀವಿ ಧಾಮ, ಧಾಮದಿಂದ 10 ಕಿಲೋಮೀಟರ್ ಒಳಗ ಹೊಸ ಬಂದೂಕು ಲೈಸೆನ್ಸ್‌ಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗಿ ಮೊದಲೇ ಬೇಕು, ಅರ್ಜಿ ವರ್ಷಗಟ್ಟಲೆ ನಿಂತದ ಅಂತ ಡಿಸಿ ಆಫೀಸಿನ ಮ್ಯಾಲ ಸಿಟ್ಟು ಮಾಡೋ ಮೊದಲು ಈ ಫೈಲ್ ಎಲ್ಲಿ ಅದ ಅಂತ ಕೇಳ್ರಿ.

ಕೊಡಗಿನವರಿಗೆ ಲೈಸೆನ್ಸ್ ಬೇಕಿಲ್ಲಲ್ಲ ನಮಗ್ಯಾಕ ಅಂತ ಬೀದರ್ ತಮ್ಮ ಕೇಳ್ಯಾನ. ಆ ವಿನಾಯಿತಿ ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಮಾತ್ರ, ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರ ತನಕ ಅದ. ನಮಗ ಸಂಬಂಧ ಇಲ್ಲ. ಮತ್ತ ಲೈಸೆನ್ಸ್ ಬೇಕಿಲ್ಲ ಅಂದ ಮಾತ್ರಕ್ಕ ಅಲ್ಲಿ ಗುಂಡು ಬಿದ್ದು ಸತ್ರ ಕಲಂ 106 ತಪ್ಪಂಗಿಲ್ಲ.

ಬಂದೂಕು ಬೇಕೇ ಬೇಕು ಅನ್ನೋರು ಡಿಸಿ ಆಫೀಸಿಗೆ ಬೆಳೆ ರಕ್ಷಣೆ ಅಂತ ಅರ್ಜಿ ಹಾಕ್ರಿ, ಪಹಣಿ ಹಚ್ಚಬೇಕು, ಪೊಲೀಸ್ ವರದಿ ಬರ್ತದ. ಬೆಳೆ ರಕ್ಷಣೆಗೆ ಕಾಯ್ದೆ ಮೊದಲು ಹೇಳೋದು ಮುಂದಿನಿಂದ ಮದ್ದು ತುಂಬೋ ಬಂದೂಕು, ಅದು ಸಾಲಂಗಿಲ್ಲ ಅಂತ ಅಧಿಕಾರಿಗೆ ಅನಿಸಿದ್ರ ಬ್ಯಾರೆ ನಯ ನಳಿಗಿ (ನಳಿಗಿ ಒಳಗ ನುಣುಪು ಇರೋ) ಬಂದೂಕಿಗೆ ಕೊಡ್ತಾರ. ಈಗ ಲೈಸೆನ್ಸ್ 5 ವರ್ಷಕ್ಕ. ಪೊಲೀಸ್ ಇಲಾಖೆಯವರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಮಾಡ್ತಾರ, ಲೈಸೆನ್ಸ್‌ಗೆ ಸರ್ಟಿಫಿಕೇಟ್ ಸಿಗ್ತದ ಅಂತ ಅಲ್ಲ, ಕಲೀಲಾಕ ಅಂತ ಹೋಗ್ರಿ.

ಮದ್ದು ತುಂಬೋ ಬಂದೂಕಿನ ಮಾತು ಬಂತಲ್ಲ, ಅದರದ ದೊಡ್ಡ ಅಪಾಯ ಏನಂದ್ರ ಒಮ್ಮೆ ತುಂಬಿದ್ರ ಖಾಲಿ ಮಾಡೋದು ತ್ರಾಸಿನ ಕೆಲಸ, ಅದಕ್ಕ ರಾತ್ರಿ ತುಂಬಿದ್ದನ್ನ ಹಂಗೇ ತಂದು ಗೋಡಿಗೆ ತೂಗಾಕ್ತಾರ, ಬೆಳಿಗ್ಗೆ ಮನ್ಯಾಗ ಸಣ್ಣ ಹುಡುಗರು ಇರ್ತಾವ. ತುಂಬಿದ ಬಂದೂಕು ಮನಿ ಹೊಸ್ತಿಲ ದಾಟಬಾರದ್ರಿ. ಕಾರ್ತೂಸಿನ ಬಂದೂಕು ಇದ್ರ ಹೊಲದಾಗೇ ಮುರಿದು ಖಾಲಿ ಮಾಡಿ, ನಳಿಗಿ ಖಾಲಿ ಅದ ಅಂತ ಕಣ್ಣಾರೆ ನೋಡಿ ಮನಿ ಒಳಗ ತರ್ರಿ, ಬಂದೂಕು ಒಂದು ಕಪಾಟದಾಗ, ಕಾರ್ತೂಸು ಇನ್ನೊಂದರಾಗ, ಎರಡಕ್ಕೂ ಕೀಲಿ. ಒಡ್ಡು ಹತ್ತಬೇಕಾದ್ರ, ಬೇಲಿ ದಾಟಬೇಕಾದ್ರ, ಬೈಕ್ ಮ್ಯಾಲ ಹೋಗಬೇಕಾದ್ರ ಖಾಲಿ ಇರಬೇಕು. ಹೊಡದಾಗ ಢಂ ಅನ್ನಲಿಲ್ಲಂದ್ರ ಆಗಿಂದಾಗ ತಿರುಗಿಸಿ ನೋಡಬ್ಯಾಡ್ರಿ, ಮದ್ದು ಹಸಿ ಇದ್ರ ತಡ ಮಾಡಿ ಹಾರ್ತದ, ನಳಿಗಿ ಮಂದಿ ಇಲ್ಲದ ಕಡೆ ಹಿಡಿದು ಒಂದು ನಿಮಿಷ ನಿಲ್ರಿ. ಮತ್ತ ಕಣ್ಣಿಗೆ ಪೂರಾ ಪ್ರಾಣಿ ಕಾಣಬೇಕು, ಅದರ ಹಿಂದ ಏನದ ಅದೂ ಕಾಣಬೇಕು, ಇಲ್ಲಂದ್ರ ಬೆರಳು ಘೋಡಾದ (ಟ್ರಿಗರ್) ಮ್ಯಾಲ ಹೋಗಬಾರದು. ನಮ್ಮ ತೊಗರಿ ಆಳೆತ್ತರ ಬೆಳೀತದ, ಕಬ್ಬಿನಾಗ ಅಂತೂ ಎರಡು ಮಾರು ಆಚಿ ಕಾಣಂಗಿಲ್ಲ. ಎಳ್ಳ ಅಮಾಸಿ ಹಿಂದಮುಂದಿನ ದಿನ ಅಂತೂ ಬಂದೂಕು ಮುಟ್ಟಲೇಬ್ಯಾಡ್ರಿ, ಚರಗ ಚೆಲ್ಲಲಾಕ ಅಂತ ಊರಿಗೆ ಊರೇ ಹೊಲದಾಗ ಇರ್ತದ, ಹುಡುಗರು ಯಾವ ಸಾಲಿನಾಗ ಓಡ್ಯಾಡ್ತಾವ ಯಾರಿಗೂ ಗೊತ್ತಿರಂಗಿಲ್ಲ.

ಬಂದೂಕು ಬ್ಯಾಡಂತ ಬೇಲಿಗೆ ನೇರ ಕರೆಂಟ್ ಕೊಡೋರು, ಸಿಡಿಮದ್ದು ಇಡೋರು, ಅವರಿಗೂ ಇದೇ ಕಾನೂನು, ಮಂದಿ ಸತ್ರ ಇನ್ನೂ ಬಿಗಿ. ಸೋಲಾರ್ ಬೇಲಿ ಹಾಕ್ರಿ, ಅದರದ ಝಟಕಾ ಬ್ಯಾರೆ ತರದ್ದು, ಜೀವ ತಗೊಳ್ಳಂಗಿಲ್ಲ. ಬೆಳಿ ಹಾಳಾದ್ರ ಫೋಟೋ ತಗೊಂಡು ಅರಣ್ಯ ಇಲಾಖೆಗೆ ಪರಿಹಾರಕ್ಕ ಅರ್ಜಿ ಕೊಡ್ರಿ, ಸಿಗೋದು ಕಡಿಮೆ ಅಂತ ಗೊತ್ತು, ಆದ್ರೂ ಹಂದಿ ಕಾಟ ಅದ ಅನ್ನೋ ದಾಖಲೆ ಅದೇ, ಮುಂದ ಪರವಾನಗಿ ಕೇಳಬೇಕಾದ್ರ ಅದೇ ಕಾಗದ ಕೆಲಸಕ್ಕ ಬರ್ತದ.

ದೇವರು ಮಾಡಿ ಆಗಬಾರದು, ಆದ್ರ ಆಗೇ ಬಿಟ್ರ ಮೊದಲು 108ಕ್ಕ ಫೋನ್, ರಕ್ತ ಬರೋ ಜಾಗ ಸ್ವಚ್ಛ ಅರಿವಿಯಿಂದ ಒತ್ತಿ ಹಿಡೀರಿ, ಗಾಡಿ ಇದ್ರ ಕಾಯಬ್ಯಾಡ್ರಿ. ಪೊಲೀಸ್ ಕೇಸ್ ಅದ ಮುಟ್ಟಂಗಿಲ್ಲ ಅಂತ ದವಾಖಾನೆದಾಗ ಅನ್ನಂಗಿಲ್ಲ, ಮೊದಲು ಚಿಕಿತ್ಸೆ ಅಂತ 1989ರಾಗೇ ಸುಪ್ರೀಂ ಕೋರ್ಟ್ ಹೇಳ್ಯದ. ಆಮ್ಯಾಲ 112ಕ್ಕ ಹೇಳ್ರಿ, ಬಂದೂಕು ಇದ್ದಲ್ಲೇ ಇರಲಿ. ಬಿದ್ದ ಗಾಯ ಅಂತ ಬರಸೋದು, ಬಂದೂಕು ಬಾವಿಗೆ ಹಾಕೋದು, ಹೊಡದವನ ಬದಲಿ ಮುದುಕರನ್ನ ಒಪ್ಪಿಸೋದು, ಇವು ಒಂದು ಕೇಸ್ ಮೂರು ಮಾಡ್ತಾವ, ಸಾಕ್ಷಿ ನಾಶಕ್ಕ ಕಲಂ 238 ಬ್ಯಾರೆ. ಡಾಕ್ಟರು ಛರ್ರಾ ತಗದು ಡಬ್ಬ್ಯಾಗ ಹಾಕಿ ಕೊಡ್ತಾರ, ಮುಚ್ಚಿ ಇಡ್ಲಾಕ ಬರಂಗಿಲ್ಲ. ವಕೀಲರಿಗೆ ರೊಕ್ಕ ಇಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅದ, 15100ಕ್ಕ ಫೋನ್ ಮಾಡ್ರಿ, ಗುಂಡು ಬಿದ್ದವರೂ ಪರಿಹಾರಕ್ಕ ಅಲ್ಲೇ ಕೇಳಬಹುದು.

ಆಳಂದ ಅಣ್ಣಾ, ನೀವು ನಾಳೆ ಮಾಡೋದು ಇಷ್ಟು. ಬಾಜೂದವರಿಗೆ ಇಲ್ಲ ಅಂತ ಇವತ್ತೇ ಹೇಳ್ರಿ, ಬೇಜಾರ ಆದ್ರ ಆಗ್ಲಿ. ಬಂದೂಕು ಮುಟ್ಟೋ ಮೊದಲು ಠಾಣೆಗೆ ಫೋನ್ ಮಾಡಿ ಅಪ್ಪಾಜಿ ತೀರಿಕೊಂಡಾರ, ಜಮಾ ಮಾಡೋದದ, ಹ್ಯಾಂಗ ತರಬೇಕು ಅಂತ ಕೇಳ್ರಿ. ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣ ಪತ್ರ, ನಿಮ್ಮ ಆಧಾರ್, ಉಳಿದ ಕಾರ್ತೂಸು ಎಲ್ಲಾ ಎಣಿಸಿ ಬರ್ಕೊಂಡು ಒಯ್ರಿ. ಬಂದೂಕಿನ ನಂಬರ್, ಕಾರ್ತೂಸಿನ ಲೆಕ್ಕ ಹಾಕಿ ಸಹಿ ಸಿಕ್ಕಾ ಇರೋ ರಸೀದಿ ಕೈಗೆ ಬರೋ ತನಕ ಅಲ್ಲಿಂದ ಏಳಬ್ಯಾಡ್ರಿ, ಅದರದೊಂದು ಝೆರಾಕ್ಸ್ ಡಿಸಿ ಆಫೀಸಿಗೆ ಕೊಡೋ ಅರ್ಜಿಗೆ ಹಚ್ಚಬೇಕಾಗ್ತದ.