ಪ್ರಾಧ್ಯಾಪಕರ ಹೆಸರಿನ ಜೊತೆಗಿರುವ ಪ್ರಶಸ್ತಿಗಳಲ್ಲಿ ಯಾವುದಕ್ಕೆ ಎಷ್ಟು ತೂಕ?

ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ತಮ್ಮ ಮಗಳು ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುತ್ತಿದ್ದಾಳೆಂದೂ, ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲಿ ಪ್ರತಿಯೊಬ್ಬ ಅಧ್ಯಾಪಕರ ಹೆಸರಿನ ಕೆಳಗೂ ಪ್ರಶಸ್ತಿಗಳ ಉದ್ದನೆಯ ಪಟ್ಟಿ ಇರುವುದರಿಂದ ಯಾರನ್ನು ನಂಬಬೇಕೆಂಬುದೇ ತಿಳಿಯುತ್ತಿಲ್ಲವೆಂದೂ ತಾವು ಹಾವೇರಿಯಿಂದ ಬರೆದಿದ್ದೀರಿ. ನಾನು ಧಾರವಾಡದಲ್ಲಿ ಪದವಿ ತರಗತಿಗಳಿಗೆ ಗಣಿತ ಕಲಿಸಿ ನಿವೃತ್ತನಾದವನು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುನ್ನ ಸಹೋದ್ಯೋಗಿಗಳ ಪ್ರಶಸ್ತಿಪತ್ರಗಳ ಜೆರಾಕ್ಸ್ ಪ್ರತಿಗಳನ್ನು ಒಟ್ಟುಮಾಡಿ ಕಡತಕ್ಕೆ ಸೇರಿಸುವ ಕೆಲಸ ವರ್ಷಗಟ್ಟಲೆ ನನ್ನ ಪಾಲಿಗೆ ಬಂದಿತ್ತಾದ್ದರಿಂದ, ಈ ಪಟ್ಟಿಗಳು ಹೇಗೆ ಬೆಳೆಯುತ್ತವೆ ಎಂಬುದನ್ನು ಹತ್ತಿರದಿಂದ ಬಲ್ಲೆ.

ಯಾವ ಪ್ರಶಸ್ತಿಯೇ ಇರಲಿ, ಆರಿಸಿದವರು ಯಾರು, ಯಾವ ಕೆಲಸಕ್ಕಾಗಿ ಆರಿಸಿದರು, ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬುದನ್ನು ಮೊದಲು ನೋಡಬೇಕು. ಈ ಮೂರಕ್ಕೆ ಉತ್ತರ ಸಿಕ್ಕರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಬೇರ್ಪಡುತ್ತದೆ.

ಹೆಸರಿನ ಮುಂದಿನ ಅಕ್ಷರಗಳಿಂದ ಶುರುಮಾಡೋಣ. ನಮ್ಮ ದೇಶದಲ್ಲಿ ವಿಜ್ಞಾನಕ್ಕೆ ಮೂರು ಮುಖ್ಯ ಅಕಾಡೆಮಿಗಳಿವೆ: 1930ರಲ್ಲಿ ಅಲಹಾಬಾದಿನಲ್ಲಿ ಆರಂಭವಾದದ್ದು, 1934ರಲ್ಲಿ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಕಟ್ಟಿದ್ದು, ಮತ್ತು 1935ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ಈಗ ದೆಹಲಿಯಲ್ಲಿರುವ ರಾಷ್ಟ್ರೀಯ ಅಕಾಡೆಮಿ. ಇವುಗಳ ಫೆಲೋಗಳು ಕ್ರಮವಾಗಿ ಎಫ್.ಎನ್.ಎ.ಎಸ್ಸಿ., ಎಫ್.ಎ.ಎಸ್ಸಿ. ಮತ್ತು ಎಫ್.ಎನ್.ಎ. ಎಂದು ಬರೆದುಕೊಳ್ಳುತ್ತಾರೆ. ಮೂರರಲ್ಲಿಯೂ ಈಗಾಗಲೇ ಫೆಲೋ ಆಗಿರುವವರು ಹೆಸರು ಸೂಚಿಸಬೇಕು, ಅದೇ ವಿಷಯದ ತಜ್ಞರು ಪರಿಶೀಲಿಸಬೇಕು, ಆಮೇಲೆ ಚುನಾಯಿಸಬೇಕು. ಫೆಲೋಗಳ ಹೆಸರು, ಆಯ್ಕೆಯಾದ ವರ್ಷ, ಪರಿಣತಿಯ ಕ್ಷೇತ್ರ ಎಲ್ಲವೂ ಅಕಾಡೆಮಿಗಳ ಜಾಲತಾಣಗಳಲ್ಲಿ ಸಿಗುತ್ತವೆ. ತಮ್ಮ ಮಗಳು ಕುಳಿತಲ್ಲಿಯೇ ಪರೀಕ್ಷಿಸಬಹುದು. ಇಂಥ ಒಂದು ಫೆಲೋಶಿಪ್ ಇದ್ದರೆ ಅದರ ಕೆಳಗಿನ ಹತ್ತು ಸಾಲುಗಳನ್ನು ಓದದಿದ್ದರೂ ನಡೆಯುತ್ತದೆ.

ಆದರೆ ಅಕ್ಷರಗಳು ಮೋಸಮಾಡುವುದೂ ಉಂಟು. ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ, ಅಂದರೆ ಎಫ್.ಆರ್.ಎಸ್., ಆಗುವುದು ವಿಜ್ಞಾನಿಯೊಬ್ಬನ ಜೀವಮಾನದ ದೊಡ್ಡ ಗೌರವ, ಸಿ.ಎನ್.ಆರ್. ರಾವ್ ಅವರಿಗೆ ಅದು 1982ರಲ್ಲಿ ಬಂತು. ಕೊನೆಗೆ ಇನ್ನೊಂದಕ್ಷರ ಸೇರಿ ಎಫ್.ಆರ್.ಎಸ್.ಸಿ. ಆದರೆ ಅದು ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಎಂಬ ಬೇರೆಯೇ ಸಂಸ್ಥೆಯದು. ಅರ್ಹತೆ ಮತ್ತು ಅನುಭವ ಇರುವ ರಸಾಯನಶಾಸ್ತ್ರಜ್ಞರು ಅದಕ್ಕೆ ತಾವೇ ಅರ್ಜಿ ಹಾಕಬಹುದು, ವಾರ್ಷಿಕ ಚಂದಾ ಕಟ್ಟಬೇಕು. ಅದು ಗೌರವಾನ್ವಿತ ವೃತ್ತಿ ಸಂಸ್ಥೆಯೇ ಹೌದು, ಅದರ ಸದಸ್ಯತ್ವದಲ್ಲಿ ತಪ್ಪೇನೂ ಇಲ್ಲ. ಆದರೆ ಸನ್ಮಾನ ಸಮಾರಂಭದ ನಿರೂಪಕರು ಎರಡನ್ನೂ ಒಂದೇ ಉಸಿರಿನಲ್ಲಿ ಓದಿಬಿಡುತ್ತಾರೆ, ಸಭೆ ಎರಡಕ್ಕೂ ಒಂದೇ ಸಮನೆ ಚಪ್ಪಾಳೆ ತಟ್ಟುತ್ತದೆ.

ಪ್ರಶಸ್ತಿಗಳಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯ ಹೆಸರನ್ನು ತಾವು ಕೇಳಿರಬಹುದು. 1958ರಿಂದ 2022ರವರೆಗೆ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿಯಾದ ಸಿ.ಎಸ್.ಐ.ಆರ್. ಕೊಡುತ್ತಿದ್ದ ಈ ಪ್ರಶಸ್ತಿ ಏಳು ವಿಭಾಗಗಳಲ್ಲಿತ್ತು, ವಯಸ್ಸು 45 ದಾಟಿರಬಾರದೆಂಬ ನಿಯಮವಿತ್ತು, ಮೊತ್ತ ಕೊನೆಯ ವರ್ಷಗಳಲ್ಲಿ ಐದು ಲಕ್ಷ ರೂಪಾಯಿ. ಈಗ ಅದು ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳ ಒಳಗೆ ಸೇರಿಹೋಗಿದೆ. ಆ ಪುರಸ್ಕಾರಗಳನ್ನು ಮೊದಲ ಬಾರಿಗೆ 2024ರ ಆಗಸ್ಟಿನಲ್ಲಿ 32 ಮಂದಿಗೆ ಮತ್ತು ಒಂದು ತಂಡಕ್ಕೆ ಕೊಟ್ಟರು. ಅತಿ ದೊಡ್ಡದಾದ ವಿಜ್ಞಾನ ರತ್ನ ಬೆಂಗಳೂರಿನ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೆ ಸಂದಿತು. ಇಂಥವು ಹೆಚ್ಚಾಗಿ ಭಾರತೀಯ ವಿಜ್ಞಾನ ಸಂಸ್ಥೆ, ಟಾಟಾ ಸಂಶೋಧನಾ ಸಂಸ್ಥೆ ಮತ್ತು ಐಐಟಿಗಳ ಕಡೆಗೇ ಹೋಗುತ್ತವೆ. ರಾಜ್ಯ ವಿಶ್ವವಿದ್ಯಾಲಯದ ಅಧ್ಯಾಪಕರು ವಾರವಿಡೀ ಪಾಠ, ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಸಮಿತಿ ಎಂದು ಓಡಾಡುವವರು. ಅವರ ಪಟ್ಟಿಯಲ್ಲಿ ಭಟ್ನಾಗರ್ ಇಲ್ಲವೆಂದು ಮೂಗು ಮುರಿಯುವುದು ಅನ್ಯಾಯ.

ಇನ್ನು ಪತ್ರಿಕೆಗಳಲ್ಲಿ ಪ್ರತಿ ವರ್ಷ ಫೋಟೋ ಸಮೇತ ಬರುವ ‘ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿ’ಯ ವಿಚಾರ. ತಮ್ಮ ಪ್ರಶ್ನೆಯಲ್ಲಿ ಇದನ್ನು ಸ್ಟ್ಯಾನ್‌ಫೋರ್ಡ್ ಪ್ರಶಸ್ತಿ ಎಂದು ಕರೆದಿದ್ದೀರಿ, ಆದರೆ ಅದು ಪ್ರಶಸ್ತಿಯೇ ಅಲ್ಲ. ಸ್ಟ್ಯಾನ್‌ಫೋರ್ಡಿನ ಸಂಶೋಧಕರೊಬ್ಬರ ತಂಡ, ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ದಾಖಲಿಸುವ ಸ್ಕೋಪಸ್ ದತ್ತಾಂಶದಿಂದ ಲೆಕ್ಕಹಾಕಿ ಹೊರತರುವ ಕೋಷ್ಟಕ ಅದು. ಯಾವ ಸಮಿತಿಯೂ ಕುಳಿತು ಯಾರ ಕೆಲಸವನ್ನೂ ಓದಿರುವುದಿಲ್ಲ. ಅದರಲ್ಲಿ ವೃತ್ತಿಜೀವನದ ಒಟ್ಟು ಲೆಕ್ಕದ್ದೊಂದು, ಒಂದೇ ವರ್ಷದ್ದೊಂದು ಎಂದು ಎರಡು ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ ಹೆಸರು ಬರುವುದಕ್ಕೂ ಎರಡನೆಯದರಲ್ಲಿ ಒಂದು ಸಲ ಹಾದುಹೋಗುವುದಕ್ಕೂ ಬಹಳ ಅಂತರವಿದೆ, ಆದರೆ ಸುದ್ದಿಯಲ್ಲಿ ಆ ವಿವರ ಇರುವುದಿಲ್ಲ. ಮೇಲಾಗಿ ಗಣಿತದಲ್ಲಿ ಪ್ರಬಂಧಗಳೂ ಕಡಿಮೆ, ಒಂದು ಪ್ರಬಂಧವನ್ನು ಇನ್ನೊಬ್ಬರು ಉಲ್ಲೇಖಿಸುವುದೂ ಕಡಿಮೆ; ಹಾಗಾಗಿ ಕೆಲವೇ ಮಂದಿ ಒಬ್ಬರನ್ನೊಬ್ಬರು ಉಲ್ಲೇಖಿಸುತ್ತ ಹೋದರೂ ಸಂಖ್ಯೆ ಮೇಲೇರಿಬಿಡುತ್ತದೆ. ಕ್ಲಾರಿವೇಟ್ ಎಂಬ ಕಂಪನಿ ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ತನ್ನ 2023ರ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಟ್ಟದ್ದು ಈ ಕಾರಣಕ್ಕೆ. ತಮ್ಮ ಮಗಳ ವಿಷಯ ಗಣಿತವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ಪಟ್ಟಿಯನ್ನು ಉದ್ದಮಾಡುವ ‘ಅಂತಾರಾಷ್ಟ್ರೀಯ’ ಪ್ರಶಸ್ತಿಗಳಿಗೆ ಬರುತ್ತೇನೆ. ಕಡತ ಜೋಡಿಸುವಾಗ ನನ್ನ ಕೈಗೆ ಬಂದ ಇಂಥ ಪತ್ರಗಳೆಲ್ಲ ಒಂದೇ ಅಚ್ಚಿನವು: ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಮೇಲೆ ಭೂಗೋಳದ ಚಿತ್ರ, ನಡುವೆ ಸ್ವೀಕರಿಸಿದವರ ಹೆಸರು, ಕೆಳಗೆ ಓದಲಾಗದ ಎರಡು ಸಹಿಗಳು. ‘ಶ್ರೇಷ್ಠ ಸಂಶೋಧಕ’ ಎಂದಿರುತ್ತದೆ, ಯಾವ ಸಂಶೋಧನೆಗೆ ಎಂದು ಮಾತ್ರ ಎಲ್ಲಿಯೂ ಇರುವುದಿಲ್ಲ. ಅದರ ಹಿಂದೆಯೇ ಪಿನ್ ಹೊಡೆದ ಇ-ಮೇಲ್ ಪ್ರತಿಯಲ್ಲಿ ‘ತಾವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕವನ್ನು ಈ ಖಾತೆಗೆ ಜಮಾ ಮಾಡಿರಿ’ ಎಂಬ ಸಾಲು ಇರುತ್ತಿತ್ತು. ಸಮಾರಂಭಕ್ಕೆ ಬರಲಾಗದವರಿಗೆ ಸ್ಮರಣಿಕೆಯನ್ನು ಕೊರಿಯರ್ ಮೂಲಕ ಕಳುಹಿಸಲು ಬೇರೆ ದರ.

ಇಂಥವನ್ನು ಕೊಂಡವರೆಲ್ಲ ಕೆಟ್ಟವರೆಂದು ನಾನು ಹೇಳಲಾರೆ, ಏಕೆಂದರೆ ಬೇರು ಬೇರೆ ಕಡೆ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಬಡ್ತಿ ಮತ್ತು ನೇಮಕಾತಿಗೆ ಸಂಶೋಧನಾ ಅಂಕಗಳ ಕೋಷ್ಟಕವೊಂದಿದೆ. ಅದರ ಪ್ರಕಾರ ವಿಜ್ಞಾನ ವಿಷಯದ ಒಂದು ಸಂಶೋಧನಾ ಪ್ರಬಂಧಕ್ಕೆ ಮೂಲ ಅಂಕ 8. ಅಂತಾರಾಷ್ಟ್ರೀಯ ಪ್ರಶಸ್ತಿ ಅಥವಾ ಫೆಲೋಶಿಪ್‌ಗೆ 7, ರಾಷ್ಟ್ರೀಯದಕ್ಕೆ 5. ಪ್ರಮೇಯವೊಂದನ್ನು ಸಾಧಿಸಿ, ಬರೆದು, ಪರಿಶೀಲಕರ ಆಕ್ಷೇಪಗಳಿಗೆ ಉತ್ತರಿಸಿ, ಅಚ್ಚಾಗುವವರೆಗೆ ಕಾಯ್ದರೆ ಸಿಗುವ ಅಂಕಕ್ಕೂ ಇ-ಮೇಲಿನ ಪ್ರಶಸ್ತಿಯೊಂದು ತರಬಹುದಾದ ಅಂಕಕ್ಕೂ ಒಂದೇ ಅಂಕದ ವ್ಯತ್ಯಾಸವಿದ್ದರೆ ಪೇಟೆ ಹುಟ್ಟದೆ ಇದ್ದೀತೇ? ಪರಿಶೀಲನಾ ಸಮಿತಿ ಗಟ್ಟಿಯಾಗಿದ್ದರೆ ಇವನ್ನು ತಳ್ಳಿಹಾಕುತ್ತದೆ. ಎಲ್ಲ ಕಡೆಯೂ ಸಮಿತಿಗಳು ಗಟ್ಟಿಯಾಗಿರುವುದಿಲ್ಲ. ನ್ಯಾಕ್ ಕೂಡ ಅಧ್ಯಾಪಕರ ಪ್ರಶಸ್ತಿಗಳ ಲೆಕ್ಕ ಕೇಳುತ್ತದೆ, ಕಾಲೇಜುಗಳು ಖಾಲಿ ಕಾಲಂ ಬಿಡಲು ಹೆದರುತ್ತವೆ.

ನಮ್ಮ ಊರಿನ ದತ್ತಿ ಬಹುಮಾನಗಳನ್ನು ನಾನು ಈ ಗುಂಪಿಗೆ ಸೇರಿಸುವುದಿಲ್ಲ. ತೀರಿಹೋದ ಗುರುಗಳ ಹೆಸರಿನಲ್ಲಿ ಮನೆಯವರೋ ಶಿಷ್ಯರೋ ಇಟ್ಟ ಠೇವಣಿಯ ಬಡ್ಡಿಯಿಂದ ಶಾಲು, ಫಲಪುಷ್ಪ, ಚಿಕ್ಕ ಮೊತ್ತ ಕೊಡುವ ಈ ಸನ್ಮಾನಗಳು ಸಂಶೋಧನೆಯ ಅಳತೆಗೋಲಲ್ಲ ನಿಜ. ಆದರೆ ಪಾಠ ಚೆನ್ನಾಗಿ ಹೇಳುತ್ತಾರೆಂದು ಊರವರೇ ಕಂಡು ಕೊಟ್ಟದ್ದು, ಪಡೆದವರಿಂದ ಯಾರೂ ದುಡ್ಡು ಕೇಳಿರುವುದಿಲ್ಲ. ಹಾಗೆಯೇ ಪದ್ಮ ಪ್ರಶಸ್ತಿಗಳೂ ಬೇರೆ ಜಾತಿಯವು. ಕೇಂಬ್ರಿಜ್‌ನ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ರ್‍ಯಾಂಗ್ಲರ್ ಎನಿಸಿಕೊಂಡ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1967ರಲ್ಲಿ ಅವರಿಗೆ ಸಿಕ್ಕ ಪದ್ಮಭೂಷಣ ವಿಶ್ವವಿದ್ಯಾಲಯವನ್ನು ಕಟ್ಟಿದ ಶಿಕ್ಷಣತಜ್ಞನಿಗೆ ಸಂದದ್ದು, ಯಾವುದೋ ಪ್ರಮೇಯಕ್ಕಲ್ಲ. ವಿಶ್ವವಿದ್ಯಾಲಯದ ಆವರಣಕ್ಕೆ ಪಾವಟೆ ನಗರ ಎಂಬ ಹೆಸರು ಬಂದಿರುವುದೂ ಅದೇ ಋಣಕ್ಕೆ.

ಪ್ರಶಸ್ತಿ ಎಷ್ಟು ತಡವಾಗಿ ಬರಬಲ್ಲದು ಎಂಬುದಕ್ಕೆ ತಮ್ಮ ಹಾವೇರಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರನ್ನು ನೋಡಿರಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಇಂದಿಗೂ ಓದುವ, ಅಂದಾಜೊಂದು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದೆಂದು ಹೇಳುವ ಕ್ರಾಮೆರ್-ರಾವ್ ಮಿತಿ 1945ರ ಅವರ ಪ್ರಬಂಧದಲ್ಲಿದೆ. ಅದು ಅಚ್ಚಾದದ್ದು ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ, ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಆ ಪ್ರಬಂಧವನ್ನೇ ಮುಖ್ಯವಾಗಿ ಹೆಸರಿಸಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಕೊಟ್ಟದ್ದು 2023ರಲ್ಲಿ, ಅವರಿಗೆ 102 ವಯಸ್ಸಾದಾಗ. ಅದೇ ವರ್ಷದ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಧಾರವಾಡದ್ದೇ ಉದಾಹರಣೆ ಬೇಕೆಂದರೆ, ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ವಿಭಾಗದಿಂದ 1979ರಲ್ಲಿ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ ಪ್ರಕಟಿಸಿದ ಗ್ರಾಫ್ ಸಿದ್ಧಾಂತದ ಪ್ರಬಂಧವೊಂದಿದೆ. ಬಿಂದುಗಳೂ ಅವನ್ನು ಜೋಡಿಸುವ ಗೆರೆಗಳೂ ಇರುವ ಒಂದು ಜಾಲದಲ್ಲಿ, ಉಳಿದ ಪ್ರತಿಯೊಂದು ಬಿಂದುವಿಗೂ ನೆರೆಯಾಗಿದ್ದು ತಮ್ಮೊಳಗೂ ಸಂಪರ್ಕ ಕಡಿಯದಂತಿರುವ ಬಿಂದುಗಳನ್ನು ಆರಿಸುವುದಾದರೆ ಕನಿಷ್ಠ ಎಷ್ಟು ಬೇಕು ಎಂಬುದು ಅದರ ವಿಷಯ. ನಿಸ್ತಂತು ಜಾಲಗಳಲ್ಲಿ ಸಂದೇಶ ಸಾಗಿಸುವ ಬೆನ್ನೆಲುಬನ್ನು ಆರಿಸುವ ಸಮಸ್ಯೆಗೆ ಇದೇ ಪರಿಕಲ್ಪನೆ ಮುಂದೆ ಆಧಾರವಾಯಿತು. ಆ ಬಗ್ಗೆ ಬರೆಯುವವರು ಇಂದಿಗೂ ಆ ಪ್ರಬಂಧವನ್ನು ಉಲ್ಲೇಖಿಸುತ್ತಾರೆ. ನನ್ನ ಮಟ್ಟಿಗೆ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ, ಆದರೆ ಪರಿಚಯಪತ್ರದ ಪ್ರಶಸ್ತಿ ಕಾಲಂನಲ್ಲಿ ಇದನ್ನು ಬರೆಯಲು ಜಾಗವಿರುವುದಿಲ್ಲ.

ಆದ್ದರಿಂದ ತಮ್ಮ ಮಗಳು ಪ್ರಶಸ್ತಿಗಳನ್ನು ಮೊದಲ ಜರಡಿಯಾಗಿ ಬಳಸಲಿ, ನಿರ್ಧಾರವನ್ನು ಅವುಗಳ ಮೇಲೆ ಬಿಡುವುದು ಬೇಡ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಎಂಬ ಜಾಲತಾಣದಲ್ಲಿ ಆ ಮಾರ್ಗದರ್ಶಕರ ಕೈಕೆಳಗೆ ಪಿಎಚ್.ಡಿ. ಮಾಡಿದವರ ಮಹಾಪ್ರಬಂಧಗಳನ್ನು ಹುಡುಕಿ, ಎರಡನ್ನಾದರೂ ಓದಲಿ. ವಿದ್ಯಾರ್ಥಿ ನೋಂದಣಿ ಮಾಡಿಸಿದ ವರ್ಷಕ್ಕೂ ಪದವಿ ಪಡೆದ ವರ್ಷಕ್ಕೂ ಎಷ್ಟು ಅಂತರವಿದೆ, ವಿದ್ಯಾರ್ಥಿಯ ಪ್ರಬಂಧಗಳು ಯಾವ ಪತ್ರಿಕೆಗಳಲ್ಲಿ ಬಂದಿವೆ, ಆಮೇಲೆ ಆತ ಅಥವಾ ಆಕೆ ಸ್ವಂತವಾಗಿ ಏನಾದರೂ ಬರೆದಿದ್ದಾರೆಯೇ ಎಂಬುದನ್ನು ಗಮನಿಸಲಿ. ಸಾಧ್ಯವಾದರೆ ಆ ವಿಭಾಗಕ್ಕೆ ಹೋಗಿ, ಮಾರ್ಗದರ್ಶಕರು ಕೊಠಡಿಯಲ್ಲಿ ಇಲ್ಲದ ಹೊತ್ತಿನಲ್ಲಿ, ಈಗಿನ ಸಂಶೋಧನಾ ವಿದ್ಯಾರ್ಥಿಗಳ ಜೊತೆ ಚಹಾ ಕುಡಿಯುತ್ತ ಮಾತನಾಡಲಿ. ಕರಡು ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಹಿಂತಿರುಗಿಸುತ್ತಾರೆ ಎಂದು ಮೊದಲು ಕೇಳಲಿ.